ರಿಯಾಯಿತಿ ಬರುವವರೆಗೆ

ಹಿತ್ತಾಳೆಯ ಕಪ್ಪು ರಾಜೇಶ್ವರಿಯ ಉಗುರಿನ ಸಂದಿಯಿಂದ ಹೋಗುತ್ತಿರಲಿಲ್ಲ. ಹುಣಸೆಹಣ್ಣಿನಲ್ಲಿ ತಿಕ್ಕಿದರೂ ಇಲ್ಲ, ಬಟ್ಟೆ ಸೋಪಿನಲ್ಲಿ ತಿಕ್ಕಿದರೂ ಇಲ್ಲ. ಅಮೆರಿಕದ ಕೆಂಟ್ ಎಂಬ ಊರಿನ ಗೋದಾಮಿನಲ್ಲಿ ಅವಳ ಕೆಲಸ ಇಷ್ಟೇ: ಇಂಡಿಯಾದಿಂದ ಬಂದ ದೀಪಗಳನ್ನು ಪೆಟ್ಟಿಗೆಯಿಂದ ತೆಗೆಯುವುದು, ಹಸಿರುಗಟ್ಟಿದ್ದನ್ನು ಬೆಳಗುವುದು, ಕಾಗದ ಸುತ್ತಿ ಅಂಗಡಿಗಳ ಪೆಟ್ಟಿಗೆಗೆ ತುಂಬುವುದು. ಕಾಲ ಕೆಳಗೆ ಸಿಮೆಂಟು ನೆಲ. ದೊಡ್ಡ ಬಾಗಿಲು ತೆರೆದರೆ ಚಳಿ ಮತ್ತು ಲಾರಿ ಹೊಗೆ, ಮುಚ್ಚಿದರೆ ಪಾಲಿಶಿನ ಘಾಟು.

ಅವಳು ಹುಬ್ಬಳ್ಳಿಯವಳು. ಗಂಡ ನೀಲಕಂಠಪ್ಪ ಅಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ. ಅವನ ತಮ್ಮ ರವಿಕಿರಣ ಎಂಜಿನಿಯರಾಗಿ ಇಲ್ಲಿಗೆ ಬಂದು, ಇಲ್ಲಿನ ಪೌರನಾಗಿ, ಅಣ್ಣನನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದ್ದ. ಅರ್ಜಿ ತೆವಳಿಕೊಂಡು ಮುಂದೆ ಬರುವಷ್ಟರಲ್ಲಿ ಗಂಡ ಹೆಂಡತಿ ಇಬ್ಬರ ತಲೆಯೂ ನರೆತಿತ್ತು. ನೀಲಕಂಠಪ್ಪನಿಗೆ ಏರ್‌ಪೋರ್ಟ್ ಹತ್ತಿರದ ಪಾರ್ಕಿಂಗ್ ಜಾಗದಲ್ಲಿ ರಾತ್ರಿ ಪಾಳಿ. ಅವಳಿಗೆ ಹಗಲು. ಅವನು ಬಾಗಿಲಲ್ಲಿ ಬೂಟು ಬಿಚ್ಚುವ ಹೊತ್ತಿಗೆ ಅವಳು ಹಾಕಿಕೊಳ್ಳುತ್ತಿದ್ದಳು. ಭಾನುವಾರ ಮಾತ್ರ ಇಬ್ಬರಿಗೂ ರಜೆ. ಅವತ್ತು ಅವನು ರೊಟ್ಟಿ ಬಡಿಯುತ್ತಿದ್ದ, ಅವಳು ಕೂತು ತಿನ್ನುತ್ತಿದ್ದಳು. ವಾರದ ಮಾತೆಲ್ಲ ಅವತ್ತೇ, ಜಗಳವೂ ಅವತ್ತೇ.

ಗೋದಾಮಿನ ಮಾಲೀಕ ಚಕ್ರಪಾಣಿ ಮೈಸೂರಿನವನು, ರವಿಕಿರಣನ ಗೆಳೆಯ. ಕೆಲಸ ಸಿಕ್ಕಿದ್ದೂ ಆ ಗೆಳೆತನದಿಂದಲೇ. 2013ರ ಆಗಸ್ಟ್‌ನಲ್ಲಿ ಅವನು ಹೆಂಗಸರನ್ನೆಲ್ಲ ಕರೆದು ನಿಲ್ಲಿಸಿದ.

"ನೋಡಿ, ಅಮೆರಿಕ ಎಲ್ಲ ದೇಶದ ಮಾಲಿಗೂ ಒಂದು ಸುಂಕ ಹಾಕುತ್ತೆ. ಅದರ ಹೆಸರು ಪರಮಾಪ್ತ ರಾಷ್ಟ್ರದ ದರ. ಬಡ ದೇಶಗಳಿಗೆ ಮಾತ್ರ ರಿಯಾಯಿತಿ ಇತ್ತು, ನಮ್ಮ ದೀಪಕ್ಕೆ ಸುಂಕಾನೇ ಇರ್ಲಿಲ್ಲ. ಆ ಕಾಯ್ದೆ ಅವಧಿ ಮುಗೀತು. ಇಲ್ಲಿನ ಸರ್ಕಾರ ರಿನ್ಯೂ ಮಾಡ್ಲಿಲ್ಲ. ಈಗ ನಾವೂ ಪರಮಾಪ್ತರ ಹಾಗೇ ಕಟ್ಟಬೇಕು."

ಮಂಡ್ಯ ಕಡೆಯ ಚಿಕ್ಕತಾಯಮ್ಮ ಕೈಯೊರೆಸಿಕೊಂಡಳು. "ಪರಮಾಪ್ತರಾದ್ರೆ ಜಾಸ್ತಿ ಕಟ್ಬೇಕಾ ಸಾಮಿ? ಇದ್ಯಾವ ಸೀಮೆ ನೆಂಟಸ್ತನ?"

"ಎಲ್ಲರೂ ಪರಮಾಪ್ತರೇ ಅಮ್ಮ, ಅದಕ್ಕೇ ಯಾರೂ ಅಲ್ಲ," ಎಂದು ಚಕ್ರಪಾಣಿ ನಕ್ಕ. ಅವನಿಗೆ ಓದಿದ್ದನ್ನು ಹೇಳುವ ಚಟ. "ಬ್ರಿಟಿಷರ ಕಾಲದಲ್ಲೂ ಇದೇ ಪಾಡು. ಲಂಡನ್‌ನಲ್ಲಿ ಕೂತವರು ಜರ್ಮನಿ ಜೊತೆ ಒಪ್ಪಂದ ಮಾಡ್ಕೊಳ್ಳೋರು. ವಸಾಹತು ಯಾರಿಗೆ ರಿಯಾಯಿತಿ ಕೊಡಬಹುದು, ಯಾರಿಗೆ ಕೊಡಬಾರದು ಅಂತ ಅದ್ರಲ್ಲೇ ಬರೆದಿರೋರು. ವಸಾಹತಿನವರನ್ನ ಒಂದು ಮಾತೂ ಕೇಳ್ತಿರ್ಲಿಲ್ಲ. ಇರ್ಲಿ. ರಿಯಾಯಿತಿ ವಾಪಸ್ ಬರೋವರೆಗೆ ನೀವೆಲ್ಲ ಭಾನುವಾರ ಬಂದು ಕೈ ಜೋಡಿಸಬೇಕು. ಸಂಬಳ ಅಂತಲ್ಲ, ಸೇವೆ ಅಂದ್ಕೊಳ್ಳಿ."

"ನಮ್ಮನ್ನ ಕೇಳಾಕತ್ತೀರೋ ಹೇಳಾಕತ್ತೀರೋ ಸಾಹೇಬ್ರ?" ಎಂದಳು ರಾಜೇಶ್ವರಿ.

"ನೀವೆಲ್ಲ ನಮ್ಮ ಮನೆಯವರೇ, ಕೇಳೋದೇನಿದೆ?"

ಆ ರಾತ್ರಿಯೇ ರವಿಕಿರಣ ಫೋನ್ ಮಾಡಿದ. "ಅತ್ತಿಗಿ, ನನ್ನ ಮಾರಿ ನೋಡಿ ಸುಮ್ನಿರ್ರಿ. ಇನ್ನೆರಡ ತಿಂಗಳದಾಗ ರಿಯಾಯಿತಿ ಬರ್ತದ." ಅವನ ಋಣ ನೆನೆದು ಅವಳು ಆ ಭಾನುವಾರ ಕೆಲಸಕ್ಕೆ ಹೋದಳು.

ರಿಯಾಯಿತಿ ಬರಲಿಲ್ಲ. ಚಳಿಗಾಲ ಹೋಯಿತು, ಮತ್ತೊಂದು ಚಳಿಗಾಲ ಬಂತು. ಭಾನುವಾರ ನೀಲಕಂಠಪ್ಪ ಒಬ್ಬನೇ ರೊಟ್ಟಿ ಮಾಡಿ ಮುಚ್ಚಿಡುತ್ತಿದ್ದ. ಅವಳು ಬರುವ ಹೊತ್ತಿಗೆ ಅವನಿಗೆ ನಿದ್ದೆ.

"ನೀ ಯಾರ ಮನಿ ಸೊಸಿ ಅನ್ನೋದ ಮರತೈತಿ ನನಗ," ಎಂದು ಒಮ್ಮೆ ಬಾಗಿಲಲ್ಲಿ ಅಂದ.

"ಚಕ್ರಪಾಣಿ ಸಾಹೇಬ್ರ ಮನಿಯಾಕಿ. ಅವ್ರ ಹೇಳ್ಯಾರ."

2015ರ ಏಪ್ರಿಲ್‌ನ ಒಂದು ಭಾನುವಾರ ಅವಳು ಬಾಗಿಲು ತೆರೆದಾಗ ಪರಾತದಲ್ಲಿ ಹಿಟ್ಟು ಒಣಗಿತ್ತು. ನೀಲಕಂಠಪ್ಪ ಒಲೆಯ ಬುಡದಲ್ಲಿ ಬಿದ್ದಿದ್ದ. ಒಲೆ ಆರಿಸಿದ್ದ. ಅಂದರೆ ಎದೆ ಹಿಡಿದುಕೊಂಡ ಮೇಲೂ ಒಂದಿಷ್ಟು ಹೊತ್ತು ನಿಂತಿದ್ದ. ಪಕ್ಕದಲ್ಲಿ ಯಾರಾದರೂ ಇದ್ದಿದ್ದರೆ ಬದುಕಿಸಬಹುದಿತ್ತು ಎಂದು ಆಸ್ಪತ್ರೆಯಲ್ಲಿ ಹೇಳಿದರು. ಹೇಳಿದವಳು ಚಿಕ್ಕ ವಯಸ್ಸಿನ ಡಾಕ್ಟರು. ಸುಳ್ಳು ಹೇಳುವುದು ಇನ್ನೂ ಕಲಿತಿರಲಿಲ್ಲ.

ಚಕ್ರಪಾಣಿ ಹೂವು ತಂದ. ಬುಧವಾರದವರೆಗೆ ರಜೆ ಕೊಟ್ಟ. ರಾಜೇಶ್ವರಿ ಗುರುವಾರ ಕೆಲಸಕ್ಕೆ ಹೋದಳು. ಭಾನುವಾರವೂ ಹೋದಳು.

ಆಗಸ್ಟ್‌ನಲ್ಲಿ ಚಕ್ರಪಾಣಿ ಅಲ್ಲೇ ಹತ್ತಿರದ ನ್ಯೂಕ್ಯಾಸಲ್‌ನ ತನ್ನ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟ. ಭಾನುವಾರ. ಗೋದಾಮಿನ ಹೆಂಗಸರು ಬಡಿಸಲು ಬರಬೇಕು, ಅದು ಆ ವಾರದ ಸೇವೆಯ ಲೆಕ್ಕಕ್ಕೇ ಎಂದು ಹೇಳಿ ಕಳಿಸಿದ. ಏನು ಸಂಭ್ರಮಕ್ಕೆ ಪೂಜೆ ಎಂದು ಹೇಳಲಿಲ್ಲ.

ಹಾಲ್‌ನಲ್ಲಿ ನೆಲದ ಮೇಲೆ ಪಂಕ್ತಿ. ಚಕ್ರಪಾಣಿ ಪಕ್ಕದವನಿಗೆ ಹೇಳುತ್ತಿದ್ದ: "ಕಾಯ್ದೆ ರಿನ್ಯೂ ಆಯ್ತಲ್ಲ ಮಾರಾಯ. ಅದೂ ಹಿಂದಿನ ತಾರೀಖಿನಿಂದ. ಎರಡು ವರ್ಷ ಕಟ್ಟಿದ ಸುಂಕ ಅಷ್ಟೂ ವಾಪಸ್."

"ಹಾಗಾದ್ರೆ ಲಾಸೇ ಇಲ್ಲ."

"ಒಂದು ಸೆಂಟ್ ಇಲ್ಲ."

ರಾಜೇಶ್ವರಿ ಸಾರಿನ ಬಕೆಟ್ಟು ಹಿಡಿದು ಅವನ ಎಲೆಯ ಮುಂದೆ ನಿಂತಿದ್ದಳು. ಅವನು ತಗ್ಗಿದ ದನಿಯಲ್ಲೇನೂ ಹೇಳಿರಲಿಲ್ಲ. ಬಡಿಸುವವರ ಮುಂದೆ ದನಿ ಯಾಕೆ ತಗ್ಗಿಸಬೇಕು?

"ರಿಯಾಯಿತಿ ಬಂತೇನ್ರಿ ಸಾಹೇಬ್ರ?"

"ಬಂತಮ್ಮ. ದೇವರು ದೊಡ್ಡವನು. ಸಾರು ಹಾಕಿ."

"ಮತ್ತ ಇವತ್ತ ನಾವು ಯಾಕ ಬಂದೀವಿ?"

ಚಕ್ರಪಾಣಿ ಸಾರಿಗೆಂದು ಅನ್ನದಲ್ಲಿ ಗುಳಿ ಮಾಡಿದ.

"ದೀಪಾವಳಿ ಆರ್ಡರ್ ಇದೆ, ಅದೊಂದು ಮುಗೀಲಿ ಅಂತ..."

"ರಿಯಾಯಿತಿ ಬರೋತನಕ ಅಂದಿದ್ರಿ. ದೀಪಾವಳಿ ಅಂದಿದ್ದಿಲ್ಲ."

ಚಕ್ರಪಾಣಿ ಸುತ್ತ ನೋಡಿ ನಗಲು ನೋಡಿದ. "ಆಯ್ತು ರಾಜೇಶ್ವರಮ್ಮ, ಆ ಭಾನುವಾರಗಳಿಗೆ ಏನಾಗುತ್ತೋ ಹೇಳಿ, ಕೊಟ್ಬಿಡೋಣ. ನಾನೇನು ತಿಂದ್ಹಾಕೋನಲ್ಲ."

"ಈ ಹೆಣ್ಮಕ್ಕಳದ್ದು ಕೊಡ್ರಿ, ಬಿಡಬ್ಯಾಡ್ರಿ. ನಿಮ್ಮದು ರೊಕ್ಕ, ಹಿಂದಿನ ತಾರೀಖಿಂದ ವಾಪಸ್ ಬಂತು. ನನ್ನ ಭಾನುವಾರದಾಗ ಒಬ್ಬ ಮನಷ್ಯಾ ಇದ್ದ. ಅವನ್ನ ಯಾವ ತಾರೀಖಿಂದ ಕೊಡ್ತೀರಿ?"

ಪಂಕ್ತಿಯ ಕೊನೆಯಲ್ಲಿ ಕೂತಿದ್ದ ರವಿಕಿರಣ ಎಂಜಲು ಕೈಯಲ್ಲೇ ಎದ್ದ. "ಅತ್ತಿಗಿ, ಹೊರಗ ಬರ್ರಿ. ಮಂದಿ ನೋಡಾಕತ್ತಾರ."

"ನೋಡ್ಲಿ ಬಿಡಪ. ನಿನ್ನ ಅಣ್ಣ ಬಿದ್ದಾಗ ಯಾರೂ ನೋಡ್ಲಿಲ್ಲ."

ಅವಳು ಬಕೆಟ್ಟನ್ನು ನೆಲಕ್ಕಿಟ್ಟಳು. ಚಿಕ್ಕತಾಯಮ್ಮ ಅನ್ನದ ಪಾತ್ರೆ ಇಳಿಸಿ, "ನಂಗೂ ಸಾಕಾಗದೆ ಕಣವ್ವ," ಎಂದಳು. ಗೋದಾಮಿನ ಹೆಂಗಸರಲ್ಲಿ ಕಿರಿಯವಳು ವಿಜಯಾ ಪಲ್ಯದ ತಟ್ಟೆ ಹಿಡಿದು ಗಳಿಗೆ ನಿಂತಳು. ಅವಳಿಗೆ ಈ ಕೆಲಸ ಬಿಟ್ಟರೆ ಬೇರೆ ಇರಲಿಲ್ಲ. ಆಮೇಲೆ ಅವಳೂ ಇಟ್ಟಳು.

"ನಾಳೆ ಮಾತಾಡೋಣ," ಎಂದ ಚಕ್ರಪಾಣಿ. ಈಗ ದನಿ ತಗ್ಗಿತ್ತು.

"ನಾಳೆ ಸೋಮವಾರ. ಕೆಲಸಕ್ಕ ಬರ್ತೀವಿ, ಮಾತಾಡಾಕೂ ಬರ್ತೀವಿ. ಇವತ್ತ ಭಾನುವಾರ."

ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ರಾಜೇಶ್ವರಿ ಒಮ್ಮೆ ಹಿಂತಿರುಗಿ ನೋಡಿದಳು. ಅರ್ಧ ಬಡಿಸಿದ ಎಲೆಗಳ ಮುಂದೆ ಜನ ಕೂತೇ ಇದ್ದರು. ಪಂಕ್ತಿಯ ನಡುವೆ ಬಕೆಟ್ಟು ಹಬೆಯಾಡುತ್ತಿತ್ತು. ಅದನ್ನು ಎತ್ತುವವರು ಯಾರು ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.