ಮುಚ್ಚಿದ ಎಡಗೈ

ಕಾಲೇಜು ಹಾಲಿನ ಫ್ಯಾನು ಮೂರು ಸುತ್ತಿಗೊಮ್ಮೆ ಟಕ್ ಅನ್ನುತ್ತದೆ, ಟಕ್, ಮತ್ತೆ ಟಕ್, ಯಾರಾದರೂ ಇದಕ್ಕೊಂದಿಷ್ಟು ಎಣ್ಣೆ ಬಿಡಬಾರದೇ, ಇನ್ನೆಷ್ಟು ಟಕ್ ಆದಮೇಲೆ ಸ್ವಾಮಿಗಳು ಅಂಗೈ ತೆರೆಯಿರಿ ಅನ್ನುತ್ತಾರೋ — ವಿಭೂತಿ ತಟ್ಟೆ ಎರಡನೆಯ ಸಾಲಿಗೆ ಬಂತು, ನಮ್ಮದು ನಾಲ್ಕನೆಯದು, ನನ್ನ ಎಡಗೈ ಮುಷ್ಟಿಯಾಗಿ ಸೆರಗಿನ ಕೆಳಗೆ ಕೂತಿದೆ, ಊರ ಹಬ್ಬದ ಈ ಬೆಳಿಗ್ಗೆ ಎಲ್ಲರ ಎಡಗೈಯಲ್ಲೂ ಇಷ್ಟಲಿಂಗ ಇದೆ, ನನ್ನ ಕೈಯಲ್ಲಿ ಬರೀ ಬೆವರು. ಹೆದರಬೇಡ ಅರುಣಾ, ಹದಿಮೂರು ವರ್ಷ ಕೆಮಿಸ್ಟ್ರಿ ಪಾಠ ಹೇಳಿದವಳು ನೀನು, ಆಸಿಡ್ ಬಾಟಲಿ ಒಡೆದಾಗಲೂ ಹೆದರಲಿಲ್ಲ — ಅದು ಬೇರೆ ಮಾತು, ಆಸಿಡ್ ಅತ್ತೆಯಲ್ಲ. ಅತ್ತೆ ಪಕ್ಕದಲ್ಲೇ ಇದ್ದಾರೆ, ಚನ್ನವೀರಮ್ಮ, ಮೂರು ದಿನದಿಂದ ನೀರು ಬಿಟ್ಟು ಏನೂ ಮುಟ್ಟಿಲ್ಲ, ಸೊಸಿ ಲಿಂಗ ಸಿಗೋತನಕ ನಾ ಉಣ್ಣಂಗಿಲ್ಲವಾ, ಅಂತ ಕೂತವರು, ಅವರ ಒಣಗಿದ ಮೊಣಕೈ ನನ್ನ ಮೊಣಕೈಗೆ ತಾಗುತ್ತಿದೆ, ಖಾಲಿ ಅಂಗೈನೇ ಹಿಡಿ, ಗುರುಗಳು ನೋಡ್ಲಿ, ಆಮ್ಯಾಲ ಆಕಿನ್ನ ಕೇಳ್ಲಿ, ಅಂತ ಬೆಳಿಗ್ಗೆ ಹೇಳಿಕೊಟ್ಟಿದ್ದಾರೆ. ಆಕಿ ಅಂದರೆ ನಂದಿನಿ. ಬಾಗಿಲ ಹೊರಗೆ ನಿಂತಿದ್ದಾಳೆ, ವಾರ್ಡನ್ ಪಕ್ಕದಲ್ಲಿ, ನೋಡಬಾರದು ಅಂದುಕೊಂಡರೂ ನೋಡಿಬಿಟ್ಟೆ. ಫೈನಲ್ ಇಯರ್ ಹುಡುಗಿ, ಪರೀಕ್ಷೆಗೆ ಹನ್ನೆರಡು ದಿನ ಇದೆ, ಪೂಜೆ ಮುಗಿದರೆ ಸ್ವಾಮಿಗಳ ಮುಂದೆ ವಿಚಾರಣೆ, ಆಮೇಲೆ ಕೈಗೆ ಟಿಸಿ, ನನ್ನ ಲಿಂಗ ಕದ್ದಳು ಅಂತ. ಅವಳು ಕದ್ದಿಲ್ಲ, ಅದು ನನಗೊಬ್ಬಳಿಗೇ ಗೊತ್ತು.

ಸೋಮವಾರ, ಸುಡುಸುಡು ಮಧ್ಯಾಹ್ನ, ಲ್ಯಾಬಿನ ತುಂಬ ಕೊಳೆತ ಮೊಟ್ಟೆಯ ವಾಸನೆ, ಆ ಗ್ಯಾಸಿಗೆ ಬೆಳ್ಳಿ ಕಪ್ಪಾಗುತ್ತದೆ, ಹೋದ ವರ್ಷ ಒಮ್ಮೆ ಲಿಂಗ ಇಡುವ ಬೆಳ್ಳಿ ಕರಡಿಗೆ ಕಪ್ಪಾಗಿ ಅತ್ತೆ ಎರಡು ದಿನ ಹುಣಸೆಹಣ್ಣು ಹಚ್ಚಿ ತಿಕ್ಕಿದರು, ತಿಕ್ಕುತ್ತಾ ತಿಕ್ಕುತ್ತಾ ನನ್ನನ್ನೂ ತಿಕ್ಕಿದರು, ಅಂದಿನಿಂದ ಪ್ರಾಕ್ಟಿಕಲ್ ದಿನ ಕರಡಿಗೆಯನ್ನು ಶಿವದಾರದ ಸಮೇತ ಕೊರಳಿಂದ ತೆಗೆದು ಕರ್ಚೀಫಿನಲ್ಲಿ ಸುತ್ತಿ ಸೊಂಟಕ್ಕೆ ಸಿಗಿಸಿಕೊಳ್ಳುತ್ತೇನೆ — ಮೈಮೇಲಿಂದ ತೆಗೆಯಕೂಡದು, ಗೊತ್ತು, ದೀಕ್ಷೆ ಕೊಡುವಾಗಲೇ ಹೇಳಿರುತ್ತಾರೆ — ಆದರೂ ತೆಗೆದೆ. ಆಮೇಲೆ ಸಿಲ್ವರ್ ನೈಟ್ರೇಟ್ ಬಾಟಲಿ ಕೈಯಿಂದ ಜಾರಿತು, ಮೇಡಂರಿ ಬಿಡ್ರಿ ಬಿಡ್ರಿ ನಾ ಹಿಡ್ಕೊಂತೀನಿ, ನಂದಿನಿ ಓಡಿ ಬಂದು ನನ್ನ ಕೈಯ ಸಮೇತ ಹಿಡಿದಳು, ಅರ್ಧ ನನ್ನ ಎಡ ಅಂಗೈಗೆ, ಅರ್ಧ ಅವಳ ಅಂಗೈಗೆ, ನೀರಿನ ಹಾಗೆ ಇರುತ್ತದೆ ಅದು, ಚೆಲ್ಲಿದಾಗ ಏನೂ ಕಾಣುವುದಿಲ್ಲ, ಬಿಸಿಲು ತಾಗಿದ ಮೇಲೆ ಕಪ್ಪಗೆ ಏಳುತ್ತದೆ, ಎಂಟು ಹತ್ತು ದಿನ ಯಾವ ಸೋಪಿಗೂ ಹೋಗುವುದಿಲ್ಲ. ಇಬ್ಬರೂ ನಕ್ಕೆವು, ಮದರಂಗಿ ಆತಲ್ರಿ ಮೇಡಂ ಅಂದಳು. ಸಂಜೆ ಹಬ್ಬದ ಅಕ್ಕಿಗೆ ಹೇಳಿ ಬರಲು ಸಿರುಗುಪ್ಪದ ಗಿರಣಿಗೆ ಹೋದೆ, ಬರುವಾಗ ಕಾಲುವೆ ಸೇತುವೆ ಹತ್ತಿರ ಬಸ್ಸು ಕೆಟ್ಟು ನಿಂತಿತು, ಸೆಕೆ, ಮುಖ ತೊಳೆಯೋಣ ಅಂತ ಮೆಟ್ಟಿಲಿಳಿದು ಬಗ್ಗಿದೆ, ಮುಖ ಒರೆಸಲು ಸೊಂಟದಿಂದ ಕರ್ಚೀಫು ಎಳೆದೆ, ಅದರೊಳಗೆ ಏನಿದೆ ಅನ್ನುವುದೇ ನೆನಪಿಲ್ಲ, ಬುಳಕ್. ಅಷ್ಟೇ ಸದ್ದು. ಬಿಳಿ ದಾರ ಒಂದು ಗಳಿಗೆ ನೀರ ಮೇಲೆ ಉದ್ದಕ್ಕೆ ಬಿಚ್ಚಿಕೊಂಡಿತು, ಆಮೇಲೆ ಅದೂ ಹೋಯಿತು, ಕಾಲುವೆ ತುಂಬ ಮಣ್ಣು ಬಣ್ಣದ ತುಂಗಭದ್ರೆ ಭರಭರ ಹರಿಯುತ್ತಿತ್ತು, ಮ್ಯಾಲ ಬರ್ರಿ ಅಕ್ಕಾರ, ಗಾಡಿ ಬಿಡ್ತಾನ, ಅಂತ ಯಾರೋ ಕೂಗಿದರು, ನಾನು ಹತ್ತಿ ಕೂತೆ.

ಬೇರೆ ಊರಾಗಿದ್ದರೆ ಹೇಳಿಬಿಡುತ್ತಿದ್ದೆ. ಬಳ್ಳಾರಿ ಕೋಟೆ ಬುಡದಲ್ಲಿ ಬೆಳೆದವಳು ನಾನು, ಅಲ್ಲಿ ನಮ್ಮ ಚಿಕ್ಕಪ್ಪ ಲಿಂಗ ಕಳೆದುಕೊಂಡಾಗ ಗುರುಗಳು ಬೈದು ಇನ್ನೊಂದು ಕಟ್ಟಿದರು, ಮುಗಿಯಿತು. ಇದು ನಲವತ್ಮನಿ. ಎಂಬತ್ತು ವರ್ಷದ ಹಿಂದೆ ನಲವತ್ತು ಮನೆಯವರು ಒಬ್ಬ ಸ್ವಾಮಿಯ ಹಿಂದೆ ಚಕ್ಕಡಿ ಕಟ್ಟಿಕೊಂಡು ಬಂದು, ಕುರುಗೋಡು ಗುಡ್ಡದಾಚೆಯ ಬೆಂಗಾಡಿನಲ್ಲಿ, ಕಲ್ಲು ಜಾಲಿ ಬಿಟ್ಟರೆ ಏನಿಲ್ಲದ ಕಡೆ ಇಳಿದು, ತಮಗೆ ಮನೆ ಕಟ್ಟಿಕೊಳ್ಳುವ ಮೊದಲು ಶಾಲೆ ಕಟ್ಟಿದರು, ಆಮೇಲೆ ಕಾಲೇಜು, ಕಾಲುವೆ ಸಿರುಗುಪ್ಪದ ಗದ್ದೆಗಳಿಗೆ ಹೋಯಿತು, ಇಲ್ಲಿಗೆ ಬರಲೇ ಇಲ್ಲ, ಇದ್ದದ್ದು ಒಂದೇ ಬಾವಿ, ಮೊದಲು ನೀರು ಸೇದಿದ ಪಕ್ಕೀರಮ್ಮನ ಲಿಂಗ ದಾರ ಹರಿದು ಆ ಬಾವಿಗೆ ಬಿತ್ತು, ಲಿಂಗ ಹೋದ ಮ್ಯಾಲ ಅಂಗ ಯಾಕ, ಅಂದಳಂತೆ, ಹಿಂದೆಯೇ ಹಾರಿದಳಂತೆ. ಈಗ ಆ ಬಾವಿ ಕಾಲೇಜಿನ ಅಂಗಳದಲ್ಲಿದೆ, ಮೇಲೆ ಕಬ್ಬಿಣದ ಜಾಲರಿ, ಮದುವೆಯಾಗಿ ಬಂದ ದಿನ ಪ್ರತಿ ಸೊಸೆ ಅಲ್ಲಿ ದೀಪ ಹಚ್ಚಬೇಕು, ನಾನೂ ಹಚ್ಚಿದೆ, ಬಗ್ಗಿ ನೋಡು ಅಂದರು ಅತ್ತೆ, ನಮ್ಮ ಮನಿತನದ ಹೆಣ್ಮಗಳು ಹೆಂಗಿದ್ಲು ತಿಳ್ಕೊ, ನೋಡಿದೆ, ಕೆಳಗೆ ಅಂಗೈಯಗಲ ನೀರು, ಅದರಲ್ಲಿ ನನ್ನ ಮುಖ. ಯಾರೂ ನನ್ನನ್ನು ಹಾರು ಅನ್ನುವುದಿಲ್ಲ, ಈ ಕಾಲದಲ್ಲಿ ಯಾರಂತಾರೆ, ಆದರೆ ಲಿಂಗ ನೀರಿಗೆ ಹಾಕಿ ಬಸ್ ಹತ್ತಿ ಬಂದ ಸೊಸೆ ಅನ್ನುತ್ತಾರೆ, ಸಾಯುವ ತನಕ ಅನ್ನುತ್ತಾರೆ, ಅತ್ತೆ ನನ್ನ ಕೈಯ ನೀರು ಮುಟ್ಟುವುದಿಲ್ಲ, ಅದಕ್ಕೇ, ಆ ರಾತ್ರಿ, ಕೊರಳಾಗ ಶಿವದಾರ ಎಲ್ಲೈತಿ ಅಂತ ಕೇಳಿದಾಗ ನಾಲಿಗೆ ತಾನೇ ಹೊರಳಿತು, ಲ್ಯಾಬಿನಾಗ ಬಿಚ್ಚಿಟ್ಟಿದ್ದೆರಿ ಅತ್ತೆ, ಆಮೇಲೆ ಕಾಣಲಿಲ್ಲ. ಕಡೀಕ ಯಾರಿದ್ರು? ನಂದಿನಿ ಟ್ಯೂಬ್ ತೊಳೀತಿದ್ದಳು. ಅದೊಂದೇ ನಿಜ ಹೇಳಿದ್ದು, ಅದೇ ಅವಳ ಕೊರಳಿಗೆ ಬಿತ್ತು.

ವಿಭೂತಿ ತಟ್ಟೆ ಮೂರನೆಯ ಸಾಲಿಗೆ ಬಂತು. ಮಂಗಳವಾರ ಹಾಸ್ಟೆಲಿನಲ್ಲಿ ಅವಳ ಟ್ರಂಕು ತೆಗೆಸಿದರು, ಎರಡು ಚೂಡಿದಾರ, ನೋಟ್ಸು, ಬುದ್ಧನ ಒಂದು ಸಣ್ಣ ಫೋಟೊ, ತನ್ನೂರು ಬಾದನಹಟ್ಟಿಯಿಂದ ತಂದ ಶೇಂಗಾ ಹಿಂಡಿ, ಇಷ್ಟೇ, ಅತ್ತೆ ಫೋಟೊ ನೋಡಿ, ಹ್ಞೂಂ, ಅಂದರು, ಆ ಹ್ಞೂಂ ಒಂದರಲ್ಲಿ ಎಷ್ಟೆಲ್ಲ ಇತ್ತು. ಕೈ ತೋರ್ಸಲೇ. ತೋರಿಸಿದಳು. ಹೆಬ್ಬೆರಳಿನ ಬುಡದಿಂದ ಅಂಗೈ ನಡುವಿಗೆ ಕಪ್ಪು ಕಲೆ. ನೋಡ್ರಿ, ನೋಡ್ರಿ, ಕರಡಿಗಿ ಆಸಿಡ್‌ನಾಗ ಕರಗಿಸ್ಯಾಳ, ಬೆಳ್ಳಿ ಕಪ್ಪು ಇದು! ಇಲ್ರಿ ಅಮ್ಮಾರ, ಅದು ಪ್ರಾಕ್ಟಿಕಲ್ ಔಷಧದ್ದು, ಮೇಡಂಗ ಕೇಳ್ರಿ — ಎಲ್ಲರೂ ನನ್ನ ಕಡೆ ತಿರುಗಿದರು, ನನ್ನ ಎಡಗೈ ತಾನಾಗಿಯೇ ಸೆರಗಿನೊಳಗೆ ಹೋಯಿತು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವಳು ಅದನ್ನು ನೋಡಿದಳು, ಕೈ ಒಳಗೆ ಹೋದದ್ದನ್ನು, ಅಂದಿನಿಂದ ಮನೆಯಲ್ಲೂ ಅದನ್ನು ಯಾರ ಕಣ್ಣಿಗೂ ಬೀಳಿಸಿಲ್ಲ. ನೋಡಬೇಕು, ಅಂದೆ ನಾನು. ನೋಡಬೇಕು! ಹದಿಮೂರು ವರ್ಷದ ಕೆಮಿಸ್ಟ್ರಿ ಮೇಡಂ, ನೋಡಬೇಕು. ಅವಳು ಮೇಡಂ ಕೈನಾಗೂ ಐತಿ ಅನ್ನಬಹುದಿತ್ತು, ಅನ್ನಲಿಲ್ಲ, ಮೂರು ದಿನದಿಂದ ಅಂದಿಲ್ಲ, ಯಾಕೆ ಅನ್ನುತ್ತಿಲ್ಲ ಈ ಹುಡುಗಿ, ಒಮ್ಮೆ ಅಂದುಬಿಟ್ಟರೆ ನನಗೆ ಬಿಡುಗಡೆ, ಥೂ, ಅದೂ ಅವಳೇ ಮಾಡಬೇಕೇನು ನನಗಾಗಿ. ಬಳ್ಳಾರಿಯಿಂದ ಶಶಿಕಾಂತ್ ಫೋನಿನಲ್ಲಿ, ವಕೀಲ ಗಂಡ, ಪೊಲೀಸು ಗಿಲೀಸು ಬ್ಯಾಡ, ಟಿಸಿ ಕೊಟ್ಟು ಕಳಸ್ರಿ, ಮನಿ ಮರ್ಯಾದಿ ಪ್ರಶ್ನೆ, ನೀ ಅಳಬ್ಯಾಡ, ನಿನ್ನ ತಪ್ಪೇನೈತಿ. ಬುಧವಾರ ಸಿರುಗುಪ್ಪಕ್ಕೆ ಹೋಗಿ ಕಾಲುವೆ ದಂಡೆಯುದ್ದಕ್ಕೂ ನಡೆದೆ, ಗಿಡಗಂಟಿಗೆ ದಾರ ಸಿಕ್ಕಿರಬಹುದು ಅಂತ, ಸಿಗಲಿಲ್ಲ, ಹಸಿವಾಯಿತು, ಬಸ್ ಸ್ಟ್ಯಾಂಡಿನಲ್ಲಿ ಎರಡು ಇಡ್ಲಿ ತಿಂದೆ, ಮನೆಯಲ್ಲಿ ನಾನೂ ಉಪವಾಸ ಅಂದೆ. ನಾಚಿಕೆಯಾಗುತ್ತದೆ. ನಾಚಿಕೆಗಿಂತ ಹೆಚ್ಚು ಹೆದರಿಕೆಯಾಗುತ್ತದೆ.

ಕಿಟಕಿಯಿಂದ ಬಾವಿ ಕಾಣುತ್ತದೆ, ಅದರ ಕಟ್ಟೆಯ ಮೇಲೆ ಅವಳಪ್ಪ ಎರ್ರೆಪ್ಪ ಕೂತಿದ್ದಾನೆ, ಕೂಲಿ ಬಿಟ್ಟು ಬಂದಿದ್ದಾನೆ, ಬೆಳಿಗ್ಗೆ ನನ್ನನ್ನು ನೋಡಿ ಎದ್ದು ಕೈ ಮುಗಿದ, ಮೇಡಂರಿ, ನಮ್ ಹುಡುಗಿ ಅಂಥಾಕಿ ಅಲ್ಲ್ರಿ, ನಿಮಗ ಗೊತ್ತೈತಲ್ರಿ, ಗೊತ್ತೈತಿ ಅನ್ನಲು ಬಾಯಿ ತೆರೆದೆ, ಅತ್ತೆ ಸೆರಗು ಎಳೆದರು, ಬಂದೆ — ತಟ್ಟೆ ಬಂತು, ಹಣೆಗೆ ತಣ್ಣನೆಯ ಮೂರು ಬೆರಳು, ಟಕ್, ಸ್ವಾಮಿಗಳು ಕಣ್ಣು ಮುಚ್ಚಿದರು, ಹಣ್ಣು ಮುದುಕರು, ಪಾಪ, ಧ್ವನಿ ನಡುಗುತ್ತದೆ, ಅಂಗೈ ತೆರೀರೆಪ್ಪ. ಇಡೀ ಹಾಲಿನಲ್ಲಿ ಬಟ್ಟೆಯ ಸರಸರ, ನೂರಾರು ಎಡಗೈ ಎದೆಯ ಮಟ್ಟಕ್ಕೆ ಎದ್ದವು, ಬಾಗಿಲಲ್ಲಿ ನಂದಿನಿ ಕೂಡ, ಯಾರೂ ಹೇಳಿಲ್ಲ, ಕಲೆಯಿದ್ದ ಅಂಗೈಯನ್ನು ಮೂರು ದಿನದಿಂದ ಕೇಳಿದವರಿಗೆಲ್ಲ ತೋರಿಸಿ ತೋರಿಸಿ ರೂಢಿಯಾಗಿದೆ, ಎತ್ತಿದಳು, ನನ್ನನ್ನೇ ನೋಡುತ್ತಿದ್ದಾಳೆ, ಸಿಟ್ಟೂ ಇಲ್ಲ ಆ ಮುಖದಲ್ಲಿ, ಹೆದರಿಕೆ, ನನ್ನದೇ ಹೆದರಿಕೆ. ತೆರಿಯವಾ, ಅತ್ತೆ ಪಿಸುಗುಟ್ಟುತ್ತಾರೆ, ತೆರಿ, ಬೆರಳುಗಳು ಏಳುವುದಿಲ್ಲ, ಕಾಲು ಎದ್ದವು, ಯಾವಾಗ ಎದ್ದು ನಿಂತೆ ನಾನು, ಕೂಡವಾ ಅರುಣಾ, ಹುಚ್ಚಿ, ಕೂಡು, ಕಾಲುವೆಗೆ ಬಿತ್ತುರಿ, ಇದು ನನ್ನ ಧ್ವನಿಯೇ, ಇಷ್ಟು ಜೋರಾಗಿ, ನಾನೇ ಬೀಳಿಸಿದೆ, ಆಕಿ ಮುಟ್ಟಿಲ್ಲ, ಆಕಿ ಕೈನಾಗಿರೋದು ನನ್ನ ಕೈನಾಗೂ ಐತಿ, ನೋಡ್ರಿ, ಸಾಲು ಸಾಲಾಗಿ ತಲೆಗಳು ತಿರುಗುತ್ತಿವೆ, ಅತ್ತೆಯ ಮೊಣಕೈ ನನ್ನಿಂದ ಸರಿಯಿತು, ಫ್ಯಾನಿನ ಸದ್ದು ಕೇಳುತ್ತಿಲ್ಲ, ಒಂದೊಂದೇ ಬೆರಳು ಬಿಚ್ಚುತ್ತಿದೆ, ಬೆವರಲ್ಲಿ ಮಿಂದ ಅಂಗೈ, ಹೆಬ್ಬೆರಳಿನ ಬುಡದಿಂದ ನಡುವಿಗೆ, ಲಿಂಗ ಕೂರುವ ಜಾಗದಲ್ಲೇ, ಕಪ್ಪು ಕಲೆ, ಅಲ್ಲಿ ಬಾಗಿಲಲ್ಲಿ ಅವಳ ಅಂಗೈಯಲ್ಲಿ ಅದೇ ಕಲೆ, ಇಲ್ಲಿ ನನ್ನ ಅಂಗೈಯಲ್ಲಿ, ಕಪ್ಪು ಕಲೆ