ಒಂದು ನಿಮಿಷದ ನರಸಮ್ಮ

"ಮನೇಲಿ ಯಾರಾದ್ರೂ ಡೈರೆಕ್ಟಾಗಿ ಗೋಡೆ ಸ್ವಿಚ್ ಆಫ್ ಮಾಡ್ತಿದಾರಾ ಸಾರ್?" ಎಂದು ಯೋಗಾನಂದ ಕೇಳಿದಾಗ ಬೈರಯ್ಯ ಕಿಟಕಿಯ ಆಚೆ ನೋಡತೊಡಗಿದ. ಆಚೆ ನೋಡುವಂಥದ್ದೇನೂ ಇರಲಿಲ್ಲ. ಚಾಮರಾಜಪೇಟೆಯ ಆ ಅಡ್ಡರಸ್ತೆಯಲ್ಲಿ ಕಡ್ಲೆಕಾಯಿ ಗಾಡಿಯವನು ಹೋಗಿ ಆಗಲೇ ಹತ್ತು ನಿಮಿಷವಾಗಿತ್ತು.

ಯೋಗಾನಂದ ಕಂಪ್ಯೂಟರ್ ರಿಪೇರಿಯವನು. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಡಬ್ಬದ ಪಕ್ಕದ ತಗಡು ಬಿಚ್ಚಿ ಗೋಡೆಗೆ ಒರಗಿಸಿಟ್ಟಿದ್ದ. ಮೇಜಿನ ಮೇಲೆ ನೀಲಿ ಪರದೆ, ಅದರ ತುಂಬ ಬಿಳಿ ಅಕ್ಷರ. ಮೂರು ತಿಂಗಳಿಂದ ಇದೇ ಪಾಡು. ಆನ್ ಮಾಡಿದರೆ ಒಂದು ದಿನ ಬರುತ್ತದೆ, ಒಂದು ದಿನ ನಡುವೆ ನಿಂತು ಕಲ್ಲಾಗುತ್ತದೆ, ಇನ್ನೊಂದು ದಿನ ತಾನಾಗಿಯೇ ಆರಿ ಹತ್ತಿಕೊಳ್ಳುತ್ತದೆ. ಯೋಗಾನಂದ ಮೊದಲು ರ‍್ಯಾಮ್ ಕಿತ್ತು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಹಾಕಿದ. ಆಮೇಲೆ ಒಳಗಿನ ಪವರ್ ಸಪ್ಲೈ ಬದಲಾಯಿಸಿದ. ಸ್ಟೆಬಿಲೈಜರ್ ಹಾಕಿಸಿದ. ವೈರಸ್ಸೇ ಇರಬೇಕೆಂದು ಒಂದು ಭಾನುವಾರವಿಡೀ ಸಿಡಿ ಹಾಕಿಕೊಂಡು ಕೂತ. ಪ್ರತಿಸಲವೂ ನಾಲ್ಕು ದಿನ ಚೆನ್ನಾಗಿರುತ್ತಿತ್ತು, ಮತ್ತೆ ಅದೇ ರಾಗ.

"ಡೈರೆಕ್ಟಾಗಿ ಯಾರ‍್ರೀ ಆಫ್ ಮಾಡ್ತಾರೆ, ಅಷ್ಟೂ ಗೊತ್ತಿಲ್ವಾ ನಮಗೆ?" ಎಂದ ಬೈರಯ್ಯನ ಮಗ ಮುತ್ತುರಾಜ್. ಆಫೀಸಿನಿಂದ ಬಂದವನು ಇನ್ನೂ ಶರ್ಟು ಬಿಚ್ಚಿರಲಿಲ್ಲ. ಅಷ್ಟು ಹೇಳಿ ಹೆಂಡತಿಯ ಕಡೆ ತಿರುಗಿದ. "ಮೀನಾ, ನೀನೇನಾದ್ರೂ?"

"ನಾನ್ಯಾಕ್ರೀ ಹಂಗ್ಮಾಡ್ಲಿ? ಶಟ್‌ಡೌನ್ ಕೊಟ್ಟು, ಪೂರ್ತಿ ಆರೋವರ್ಗೂ ನಿಂತಿದ್ದು ಆಮೇಲೆ ಸ್ವಿಚ್ ಮುಟ್ತೀನಿ."

"ಸ್ಕೂಲಿಗೆ ಲೇಟಾಯ್ತು ಅಂತ ಒಂದೊಂದ್ಸಲ ಓಡ್ತೀಯಲ್ಲ..."

"ಒಂದ್ಸಲಾನೂ ಇಲ್ಲ ಅಂದ್ನಲ್ಲ!" ಮೀನಾಳ ದನಿ ಒಡೆಯಿತು. ಮಕ್ಕಳ ಪ್ರಶ್ನೆಪತ್ರಿಕೆ ಟೈಪು ಮಾಡಲು ವಾರಕ್ಕೆರಡು ಸಲ ಕೂರುತ್ತಿದ್ದಳು, ಅಷ್ಟೇ. ಮೂರು ತಿಂಗಳಿಂದ ಎಲ್ಲ ತಪ್ಪೂ ಅವಳ ತಲೆಗೇ ಬರುತ್ತಿತ್ತು.

ಬೈರಯ್ಯ ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ನಾನು ಕಣಪ್ಪ, ಗೊತ್ತಾಗಲಿಲ್ಲ ಎಂದಿದ್ದರೆ ಯಾರೂ ಅವನನ್ನು ಗಲ್ಲಿಗೇರಿಸುತ್ತಿರಲಿಲ್ಲ. ಹೇಳಲಿಲ್ಲ. ಪಾಪದ ಹುಡುಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋಗುವುದನ್ನು ನೋಡಿಯೂ ಹೇಳಲಿಲ್ಲ.

ಬಿನ್ನಿಪೇಟೆಯಲ್ಲಿ ಬೈರಯ್ಯ ಮೂವತ್ತೊಂದು ವರ್ಷ ಬಟ್ಟೆ ಮಿಲ್ಲಿನ ಫಿಟ್ಟರ್ ಆಗಿದ್ದವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ರಾಮಾಂಜಿನಪ್ಪ ಎಂಬ ಮೇಸ್ತ್ರಿ ಅವನಿಗೆ ಎರಡು ವಿದ್ಯೆ ಕಲಿಸಿದ್ದ. ಒಂದು, ಮಿಷನ್ನಿನ ಒಳಗಿನ ಕಾಯಿಲೆ ತಿಳಿಯಬೇಕಾದರೆ ಮರದ ಹಿಡಿಯ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ ಕೇಳಬೇಕು. ಒಳಗಡೆ ಇರುವೆ ನಡೆದರೂ ಕೇಳಿಸುತ್ತದೆ. ಎರಡು, ಕೆಲಸ ಮುಗಿದ ಮಿಷನ್ನಿನಲ್ಲಿ ಕರೆಂಟು ಇರಬಾರದು. ಮಿಷನ್ನಿನ ಗುಂಡಿಯನ್ನು ನಂಬಬೇಡ, ಗೋಡೆಯಲ್ಲೇ ಆರಿಸು. ಮಿಲ್ಲು ಮುಚ್ಚಿತು, ಗೇಟಿಗೆ ಬೀಗ ಬಿತ್ತು, ಎರಡೂ ವಿದ್ಯೆ ಬೈರಯ್ಯನ ಮೈಯಲ್ಲೇ ಉಳಿದವು. ಮಿಕ್ಸಿಯಾಗಲಿ, ಇಸ್ತ್ರಿಪೆಟ್ಟಿಗೆಯಾಗಲಿ, ಟೀವಿಯಾಗಲಿ, ಅವನು ಎದ್ದು ಹೋಗಿ ಗೋಡೆಯ ಸ್ವಿಚ್ಚನ್ನು ಟಪ್ಪೆಂದು ಒತ್ತಿದ ಮೇಲೆಯೇ ಆ ಮನೆಯಲ್ಲಿ ಅದು ಆರಿದ ಲೆಕ್ಕ. ದಿನಾ ಬೆಳಿಗ್ಗೆ ಹನ್ನೊಂದಕ್ಕೆ, ಮಗ ಸೊಸೆ ಇಬ್ಬರೂ ಹೋದ ಮೇಲೆ, ಕಂಪ್ಯೂಟರನ್ನೂ ಅವನು ಹಾಗೆಯೇ ಆರಿಸುತ್ತಿದ್ದ.

ಅಕ್ಷರ ಬಾರದ ಮುದುಕನಿಗೆ ಕಂಪ್ಯೂಟರಿನಿಂದ ಏನಾಗಬೇಕಿತ್ತು ಅನ್ನುತ್ತೀರಾ? ಅದರೊಳಗೆ ನರಸಮ್ಮ ಇದ್ದಳು.

ಕಂಪ್ಯೂಟರ್ ತಂದ ಮೊದಲ ವಾರ ಮುತ್ತುರಾಜ್ ಮೈಕ್ ಸಿಕ್ಕಿಸಿ ಅವ್ವನನ್ನು ಅದರ ಮುಂದೆ ಕೂರಿಸಿದ್ದ. ಒಂದು ನಿಮಿಷ ಮಾತ್ರ ರೆಕಾರ್ಡ್ ಆಗುತ್ತಿತ್ತು, ಆಮೇಲೆ ಅದೇ ನಿಂತುಹೋಗುತ್ತಿತ್ತು. "ಏನ್ ಮಾತಾಡ್ಲೋ ಇದ್ರ ಮುಂದೆ? ಮಂಗಾಟ ಆಡ್ಸ್ತಾ ಇದೀಯ," ಎಂದು ನಗುತ್ತಾಳೆ ನರಸಮ್ಮ. "ಅಪ್ಪನ ಹೆಸರು ಹೇಳವ್ವ," ಎನ್ನುತ್ತಾನೆ ಮಗ. "ಥೂ, ಹೋಗೋ. ಗಂಡನ ಹೆಸರು ಹೇಳ್ತಾರೇನೋ?" "ಅಪ್ಪ ಇಲ್ಲ ಕಣವ್ವ, ಮಾರ್ಕೆಟ್ಟಿಗೆ ಹೋಗಿದೆ. ಮಿಷನ್ನಿಗೆ ತಾನೆ ಹೇಳೋದು?" ಅಲ್ಲಿ ಸ್ವಲ್ಪ ಹೊತ್ತು ಏನೂ ಇಲ್ಲ, ಬಳೆ ಸದ್ದು, ಹೊರಗೆ ಎಲ್ಲೋ ಸ್ಕೂಟರಿನ ಹಾರ್ನು. ಆಮೇಲೆ, ತುಂಬ ಮೆತ್ತಗೆ, "ಬೈರಯ್ಯ". ಮತ್ತೊಮ್ಮೆ, ರುಚಿ ನೋಡಿದ ಹಾಗೆ, "ಬೈರಯ್ಯನೋರು". ಕಿಸಕ್ಕೆಂದು ನಗು. "ಸಾಕು ಬಿಡೋ. ಬಂದ್ರೆ ಊಟಕ್ಕೆ ಕರಿ, ಮುದ್ದೆ ಆರ್..." ಅಲ್ಲಿಗೆ ನಿಮಿಷ ಮುಗಿಯುತ್ತದೆ.

ಮೂವತ್ತೆಂಟು ವರ್ಷ ಸಂಸಾರ ಮಾಡಿದವಳು ಅವಳು. ಇವರೇ ಎಂದಳು, ಮುತ್ತೂನಪ್ಪ ಎಂದಳು, ಸಿಟ್ಟು ಬಂದಾಗ ನಿಮ್ಮನ್ನೇ ಕಣ್ರೀ ಎಂದಳು. ರೇಷನ್ ಅಂಗಡಿಯಲ್ಲಿ ಯಜಮಾನನ ಹೆಸರೇನಮ್ಮ ಎಂದರೆ ಕಾರ್ಡು ಮುಂದಕ್ಕೆ ತಳ್ಳಿ ತಲೆ ತಗ್ಗಿಸುತ್ತಿದ್ದಳೇ ಹೊರತು ಬಾಯಿಬಿಡುತ್ತಿರಲಿಲ್ಲ. ಹೋದ ವರ್ಷ ಆಸ್ಪತ್ರೆಯಲ್ಲಿ ಕೊನೆಯ ದಿನವೂ ಬೈರಯ್ಯನ ಕೈ ಹಿಡಿದುಕೊಂಡು "ಇವ್ರೇ" ಎಂದಳು, ಅಷ್ಟೇ. ತನ್ನ ಹೆಸರು ಅವಳ ಬಾಯಲ್ಲಿ ಹೇಗೆ ಕೇಳುತ್ತದೆ ಎಂಬುದು ಬೈರಯ್ಯನಿಗೆ ಗೊತ್ತಾದದ್ದು ಅವಳು ಹೋದ ಹನ್ನೊಂದನೇ ದಿನ, ನೆಂಟರ ಮುಂದೆ ಮುತ್ತುರಾಜ್ ಅದನ್ನು ಹಾಕಿದಾಗ. ಬೈರಯ್ಯ ತಟ್ಟನೆ ಎದ್ದು, ಯಾರದೋ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಹೋಗಿಬಿಟ್ಟ. ಅಪ್ಪನಿಗೆ ತಡೆಯೋಕ್ಕಾಗಲ್ಲ ಎಂದುಕೊಂಡು ಮಗ ಸೊಸೆ ಆಮೇಲೆ ಅದರ ಸುದ್ದಿಯನ್ನೇ ಎತ್ತಲಿಲ್ಲ. ಆದರೆ ಬೈರಯ್ಯ ಎದ್ದು ಹೋಗುವ ಮುಂಚೆ ಮಗನ ಕೈ ಯಾವ ಗುಂಡಿ ಒತ್ತಿತು, ಕೆಳಗಿನ ಸಾಲಿನ ಯಾವ ಚಿತ್ರದ ಮೇಲೆ ಎರಡು ಸಲ ಬಡಿಯಿತು ಎಂಬುದನ್ನು ನೋಡಿಕೊಂಡಿದ್ದ. ಫಿಟ್ಟರ್ ಕಣ್ಣು, ಒಂದು ಸಲ ಸಾಕು.

ಅಂದಿನಿಂದ ದಿನಾ ಹನ್ನೊಂದಕ್ಕೆ ಕೈಕಾಲು ತೊಳೆದುಕೊಂಡು ಬಂದು ಕೂರುತ್ತಿದ್ದ. ಒಂದೇ ಸಲ ಕೇಳುತ್ತಿದ್ದ. ಎರಡನೇ ಸಲ ಕೇಳಿದರೆ ಅವಳಿಗೆ ನಾಚಿಕೆಯಾದೀತು ಎಂಬಂತೆ. ಮುಗಿದ ಮೇಲೆ "ಬಂದೆ ಕಣೆ" ಎಂದು ಎದ್ದು, ಗೋಡೆಯ ಸ್ವಿಚ್ಚನ್ನು ಟಪ್ಪೆಂದು ಆರಿಸುತ್ತಿದ್ದ.

"ಹಾರ್ಡ್ ಡಿಸ್ಕ್ ಏಟು ತಿಂದಿದೆ ಸಾರ್," ಎಂದ ಯೋಗಾನಂದ. "ಒಳಗೆ ತಟ್ಟೆ ತಿರುಗ್ತಿರೋವಾಗ್ಲೇ ಕರೆಂಟ್ ಹೋದ್ರೆ ಹಿಂಗಾಗೋದು. ಇನ್ನೊಂದೆರಡು ಸಲ ಹಂಗಾದ್ರೆ ಪೂರ್ತಿ ಹೋಗ್ಬಿಡುತ್ತೆ. ಫಾರ್ಮ್ಯಾಟ್ ಮಾಡಿ ನೋಡ್ಬೋದು, ಆದ್ರೆ ಒಳಗಿರೋದೆಲ್ಲ ಅಳ್ಸೋಗುತ್ತೆ."

"ಅದು ಮಾತ್ರ ಬೇಡ," ಎಂದ ಮುತ್ತುರಾಜ್. "ನಮ್ಮವ್ವನ ವಾಯ್ಸ್ ಇದೆ ಅದ್ರಲ್ಲಿ."

"ಬೇರೆ ಕಾಪಿ ಇಲ್ವಾ?"

"ಫ್ಲಾಪಿಗೆ ಹಿಡಿಸ್ಲಿಲ್ಲ. ಮಾಡ್ಸೋಣ ಮಾಡ್ಸೋಣ ಅಂತ ಇದ್ದೆ..."

"ಭಾನುವಾರ ಸಿಡಿ ರೈಟರ್ ತರ್ತೀನಿ, ಮೊದ್ಲು ಅದನ್ನ ಎತ್ಕೊಳ್ಳೋಣ. ಅಲ್ಲೀವರ್ಗೂ ಯಾರೂ ಆನ್ ಮಾಡ್ಲೇಬೇಡಿ. ದಮ್ಮಯ್ಯ ಅಂತೀನಿ."

ಅದು ಮಂಗಳವಾರ. ರಾತ್ರಿ ಊಟಕ್ಕೆ ಕೂತಾಗ ಬೈರಯ್ಯನಿಗೆ ತುತ್ತು ಇಳಿಯಲಿಲ್ಲ. ತಾನೇ, ತನ್ನ ಕೈಯಾರೆ, ದಿನಾ ನರಸಮ್ಮನ ಮೇಲೆ ಏಟು ಹಾಕುತ್ತಿದ್ದೆನೇ ಎಂದುಕೊಂಡು ಅರ್ಧಕ್ಕೇ ಎದ್ದು ಕೈ ತೊಳೆದ.

ಬುಧವಾರ ಹನ್ನೊಂದಕ್ಕೆ ಮನೆಗೆ ಬೀಗ ಹಾಕಿಕೊಂಡು ಮಾರ್ಕೆಟ್ಟಿನವರೆಗೂ ನಡೆದು ಬಂದ. ಗುರುವಾರವೂ ಹಾಗೆಯೇ. ಶುಕ್ರವಾರ ಕಾಲು ನೋಯುತ್ತಿದ್ದರೂ ಹೋದ. ಶನಿವಾರ ಮಾತ್ರ ಒಂದು ಹುಳ ತಲೆಗೆ ಹೊಕ್ಕಿತು. ಮಂಗಳವಾರ ಬೆಳಿಗ್ಗೆ ಕೇಳುತ್ತಿದ್ದಾಗ, ಸರಿಯಾಗಿ ಅವಳು ಹೆಸರು ಹೇಳುವ ಹೊತ್ತಿಗೆ, ಗ್ಯಾಸ್ ಸಿಲಿಂಡರಿನವನು ಬಾಗಿಲು ಬಡಿದಿದ್ದ. ಕೇಳಿದ್ದು ಅರ್ಧ ಕಿವಿಯಲ್ಲಿ. ನಾಳೆ ಆ ರಿಪೇರಿ ಹುಡುಗನ ಕೈಯಲ್ಲಿ ಏನಾದರೂ ಹೆಚ್ಚುಕಮ್ಮಿಯಾದರೆ, ಕೊನೆಯ ಸಲ ಕೇಳಿದ್ದು ಅದೇ ಆಗುತ್ತದಲ್ಲ? ಒಂದೇ ಸಲ. ಆರಿಸುವಾಗ ಈ ಸಲ ಸರಿಯಾಗಿ ಆರಿಸುವುದು. ಯೋಗಾನಂದ ಹೇಗೆ ಆರಿಸಿದ ಎಂದು ನೋಡಿಕೊಂಡಿದ್ದನಲ್ಲ: ಎಡಗಡೆ ಕೆಳಮೂಲೆ, ಅದರ ಮೇಲಿನದು, ಆಮೇಲೆ ನಡುವೆ ಬರುವ ಪೆಟ್ಟಿಗೆಯಲ್ಲೊಂದು ಒತ್ತು.

ಆನ್ ಮಾಡಿದ. ನೀಲಿ ಪರದೆ ಬಂತು, ಬಹಳ ಹೊತ್ತು ಬಿಳಿ ಅಂಕಿ ಓಡಿದವು. ಕೊನೆಗೂ ಚಿತ್ರಗಳು ಮೂಡಿದವು. ಎರಡು ಸಲ ಸರಿಯಾಗಿ ಬಡಿಯಲು ನಾಲ್ಕು ಸಲ ಪ್ರಯತ್ನಿಸಬೇಕಾಯಿತು.

"ಬೈರಯ್ಯ," ಎಂದಳು ನರಸಮ್ಮ. "ಬೈರಯ್ಯನೋರು."

ಪೂರ್ತಿ ಕೇಳಿದ. ಬಳೆ ಸದ್ದನ್ನೂ ಹಾರ್ನನ್ನೂ ಬಿಡದೆ ಕೇಳಿದ. ಮೂಗು ಒರೆಸಿಕೊಂಡು ಎಡಗಡೆ ಕೆಳಮೂಲೆ ಒತ್ತಿದ, ಅದರ ಮೇಲಿನದು ಒತ್ತಿದ, ಪೆಟ್ಟಿಗೆಯೊಳಗೂ ಒತ್ತಿದ. ಪರದೆಯ ಮೇಲೆ ಮೋಡದ ಚಿತ್ರ ಬಂತು, ಏನೋ ಬರೆದಿತ್ತು. ಅಲ್ಲಿಗೆ ನಿಂತಿತು. ಐದು ನಿಮಿಷ ಕಾದ, ಕಾಲು ಗಂಟೆ ಕಾದ. ಮೋಡ ಅಲ್ಲಾಡಲಿಲ್ಲ, ಒಳಗೆ ಮಾತ್ರ ಏನೋ ತಿರುಗುತ್ತಲೇ ಇತ್ತು. ಅಭ್ಯಾಸಬಲದಿಂದ ಕೈ ಎಲ್ಲಿ ಗೋಡೆಗೆ ಹೋಗಿಬಿಡುತ್ತದೋ ಎಂದು ಬೈರಯ್ಯ ಎರಡೂ ಅಂಗೈಯನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು ಕೂತ. ನಿಧಾನವಾಗಲಿ, ತಾನಾಗಿಯೇ ಆರಲಿ, ಸಂಜೆಯಾದರೂ ಆಗಲಿ ಎಂದುಕೊಂಡ.

ಶನಿವಾರ ಸ್ಕೂಲು ಅರ್ಧ ದಿನ ಎಂಬುದು ಅವನಿಗೆ ಮರೆತೇ ಹೋಗಿತ್ತು. ಗೇಟು ಕಿರ್ರೆಂದಿತು. ಮೀನಾಳ ಚಪ್ಪಲಿ ಸದ್ದು ಮೆಟ್ಟಿಲ ಮೇಲೆ ಬಂತು.

ಅಯ್ಯೋ, ಏನೆಂದು ಹೇಳುವುದು ಅವಳಿಗೆ? ಅರವತ್ತಾರು ವರ್ಷದ ಮಾವ, ಹೆಂಡತಿ ತನ್ನ ಹೆಸರು ಕರೆಯುವುದನ್ನು ಕೇಳಲು ಕಳ್ಳನ ಹಾಗೆ ಕೂತಿದ್ದೇನೆ ಎಂದು ಹೇಳುವುದೇ? ಬೈರಯ್ಯ ಎದ್ದು ನಿಂತ. ಕೈ ತನ್ನಷ್ಟಕ್ಕೆ ತಾನು ಗೋಡೆಗೆ ಹೋಯಿತು. ಟಪ್.

ಡಬ್ಬದೊಳಗೆ ಸಣ್ಣಗೆ ಏನೋ ಕಟಕ್ಕೆಂದಿತು. ಮಿಲ್ಲಿನಲ್ಲಿ ಅಂಥ ಸದ್ದು ಎಷ್ಟು ಕೇಳಿರಲಿಲ್ಲ ಅವನು. ಅರ್ಥವಾಯಿತು.

"ಊಟ ಆಯ್ತಾ ಮಾವ?" ಎಂದು ಮೀನಾ ಒಳಗೆ ಬಂದಳು.

"ಇಲ್ಲ ಕಣಮ್ಮ," ಎಂದ.

ಭಾನುವಾರ ಯೋಗಾನಂದ ಸಿಡಿ ರೈಟರ್ ಹಿಡಿದುಕೊಂಡು ಬಂದ. ಆನ್ ಮಾಡಿದರೆ ಕಪ್ಪು ಪರದೆ, ಮೂಲೆಯಲ್ಲಿ ಒಂದು ಸಾಲು ಅಕ್ಷರ, ಅಷ್ಟೇ. ಮೂರು ಸಲ ಪ್ರಯತ್ನಪಟ್ಟ. ತಂತಿ ಬದಲಾಯಿಸಿದ. ತಾನು ತಂದಿದ್ದ ಬೇರೆ ಡಿಸ್ಕಿನ ಜೊತೆ ಸೇರಿಸಿ ನೋಡಿದ. ಡಿಸ್ಕಿನೊಳಗಿಂದ ಟಿಕ್, ಟಿಕ್ ಎಂದು ಬಡಿಯುತ್ತಿತ್ತು.

"ಮಂಗಳವಾರ ಹಿಂಗಿರ್ಲಿಲ್ಲ. ಮಧ್ಯೆ ಯಾರೋ ಆನ್ ಮಾಡಿದಾರೆ ಸಾರ್," ಎಂದ, ತಲೆ ಎತ್ತದೆ. "ಒಳಗಿರೋದು ಇನ್ನು ಸಿಗಲ್ಲ."

ಮುತ್ತುರಾಜ್ ಗೋಡೆಗೆ ಕೈ ಕೊಟ್ಟು ನಿಂತ. ಆಮೇಲೆ ಒಮ್ಮೆಲೇ ಕೂಗಿದ. "ಎಷ್ಟು ಬಡ್ಕೊಂಡೆ ಮೀನಾ ನಿಂಗೆ! ನಾಲ್ಕು ದಿನ ತಡ್ಕೊಳಕ್ಕಾಗ್ಲಿಲ್ವಾ? ಇದ್ದಿದ್ದೊಂದೇ ಕಣೇ, ಅದೊಂದೇ ಇದ್ದಿದ್ದು!"

ಮೀನಾ ಹಿಟ್ಟಿನ ಕೈಯಲ್ಲೇ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಅವಳನ್ನ ಯಾಕೋ ಬೈತೀಯ," ಎಂದ ಬೈರಯ್ಯ. "ನಾನು ಕಣೋ."

"ಏನು ನೀನು?"

"ಎಲ್ಲಾ ನಾನೇ. ನಿನ್ನೇನೂ ನಾನೇ, ದಿನಾನೂ ನಾನೇ. ಗೋಡೇಲಿ ಆರಿಸ್ತಿದ್ದೋನು ನಾನು."

"ದಿನಾನಾ? ಯಾಕಪ್ಪಾ?"

ಬೈರಯ್ಯ ನೆಲ ನೋಡುತ್ತ, "ಹೆಸರು ಹೇಳ್ತಾಳಲ್ಲೋ," ಎಂದ.

ಯೋಗಾನಂದ ಕೈಯಲ್ಲಿದ್ದ ತಂತಿಯನ್ನು ಸುಮ್ಮನೆ ಸುತ್ತತೊಡಗಿದ. ಮುತ್ತುರಾಜ್ ಅಪ್ಪನ ಹತ್ತಿರಕ್ಕೆ ಬಂದ. "ನಂಗೊಂದು ಮಾತು ಹೇಳಿದ್ರೆ ನಾನೇ ಹಾಕ್ಕೊಡ್ತಿರ‍್ಲಿಲ್ವಾ ಅಪ್ಪಾ," ಎಂದ, ದನಿ ಇಲ್ಲದ ದನಿಯಲ್ಲಿ.

"ನಿನ್ನ ಹೆಂಗೋ ಕೇಳ್ಲಿ?" ಬೈರಯ್ಯ ಸೊಸೆಯ ಕಡೆ ತಿರುಗಿದ. "ನಿನ್ ತಲೆ ಮೇಲೆ ಹಾಕಿ ಸುಮ್ನಿದ್ಬಿಟ್ಟೆ ಕಣಮ್ಮ. ತಪ್ಪಾಯ್ತು."

"ಬಿಡಿ ಮಾವ," ಎಂದಳು ಮೀನಾ. ಅವಳಿಗೆ ಅಳು ಬಂದಿತ್ತು.

ಯೋಗಾನಂದ ಸಾಮಾನು ಜೋಡಿಸಿಕೊಳ್ಳಲು ಡಿಸ್ಕಿಗೆ ಕೈ ಹಾಕಿದ. "ಒಂದ್ನಿಮಿಷ ಇರಪ್ಪಾ," ಎಂದು ಬೈರಯ್ಯ ಮಂಚದ ಕೆಳಗಿನ ಟ್ರಂಕನ್ನು ಎಳೆದ. ಹಳೆಯ ಸ್ಪ್ಯಾನರುಗಳ ನಡುವೆ ಕೈಯಾಡಿಸಿ, ಅಂಗೈಯಲ್ಲಿ ಸವೆದು ನುಣುಪಾಗಿದ್ದ ಮರದ ಹಿಡಿಯ ಸ್ಕ್ರೂಡ್ರೈವರನ್ನು ತೆಗೆದ. ಮಂಡಿ ನೋವಿಗೆ ಮುಖ ಕಿವಿಚುತ್ತ ನೆಲದ ಮೇಲೆ ಕೂತು, ತುದಿಯನ್ನು ಡಿಸ್ಕಿನ ಮೈಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದ.

"ಯಜಮಾನ್ರೇ, ಅದ್ರಲ್ಲಿ..." ಎಂದು ಶುರುಮಾಡಿದ ಯೋಗಾನಂದ. ಮುತ್ತುರಾಜ್ ಅವನ ಭುಜ ಮುಟ್ಟಿ ಸುಮ್ಮನಾಗಿಸಿದ.

"ತಿರುಗ್ತಾ ಇದೆ," ಎಂದ ಬೈರಯ್ಯ, ಕಣ್ಣು ತೆರೆಯದೆ.

ಮುತ್ತುರಾಜ್ ಅಪ್ಪನ ಪಕ್ಕದಲ್ಲಿ ಕೂತ. ಡಿಸ್ಕು ಟಿಕ್ ಟಿಕ್ ಎನ್ನುತ್ತಲೇ ಇತ್ತು. ಅಡುಗೆಮನೆಯ ತಟ್ಟೆಯಲ್ಲಿ ಮುದ್ದೆ ಆರುತ್ತಿತ್ತು. ಊಟಕ್ಕೆ ಬನ್ನಿ ಎಂದು ಕರೆಯಲು ಮೀನಾಳಿಗೆ ಬಾಯಿ ಬರಲಿಲ್ಲ. ಗೋಡೆಯ ಸ್ವಿಚ್ಚಿಗೂ ಯಾರೂ ಕೈ ಹಾಕಲಿಲ್ಲ.