ಹೂಜಿಯ ಮೇಲಿನ ಶಿಲುಬೆ

2024ರ ಜೂನ್ 2, ಭಾನುವಾರ, ಸಂಜೆ ಆರು ಗಂಟೆ. ಫಿಲೋಮೆನಾ ಶಾಲೆಯ ಬಾಗಿಲಿನಿಂದ ತಲೆ ಹೊರಹಾಕಿ, ಸಾಲಿನಲ್ಲಿ ಯಾರೂ ಉಳಿದಿಲ್ಲವೆಂದು ನೋಡಿಕೊಂಡು, "ಮತದಾನ ಮುಗೀತು" ಎಂದು ಗಟ್ಟಿಯಾಗಿ ಕೂಗಿದಳು. ಹಾಗೆ ಕೂಗಬೇಕೆಂಬುದು ನಿಯಮ. ಬೀದಿಯಲ್ಲಿ ಒಂದು ನಾಯಿ ಮಾತ್ರ ಇತ್ತು. ಗಾಳಿಯಲ್ಲಿ ಇನ್ನೂ ಸುಟ್ಟ ಕಾಗದದ ವಾಸನೆ.

"ಸ್ಟೂಲ್ ಮೇಲೆ ನಿಂತ್ಕೊಂಡು ಕೂಗಬೇಕಿತ್ತು ದೋನ್ಯಾ ಫಿಲೊ," ಎಂದ ಎಲ್ಪಿದಿಯೊ. "ಕೂಗಿದ್ದು ಯಾರು ಅಂತ ನಾಯಿಗೂ ಕಾಣ್ಲಿಲ್ಲ."

ಎಲ್ಪಿದಿಯೊ ಕಾರಿಸಾಲ್ ಊರಿನ ಕ್ಷೌರಿಕ. ಅಂದಿನ ಮಟ್ಟಿಗೆ ಮತಗಟ್ಟೆಯ ಕಾರ್ಯದರ್ಶಿ. ಫಿಲೋಮೆನಾ ಹಿಟ್ಟಿನ ಗಿರಣಿಯವಳು, ಊರವರು ಗೌರವದಿಂದ ಕರೆಯುವುದು ದೋನ್ಯಾ ಎಂದು. ಅಂದಿನ ಮಟ್ಟಿಗೆ ಅಧ್ಯಕ್ಷೆ. ಒಂದೂವರೆ ಮೀಟರ್ ಎತ್ತರ, ಅದಕ್ಕಿಂತ ಕೂದಲೆಳೆಯಷ್ಟೂ ಹೆಚ್ಚಿಲ್ಲ. ಚುನಾವಣಾ ಕಚೇರಿಯವರು ಹುಟ್ಟಿದ ತಿಂಗಳಿಗೊಂದು, ಮನೆತನದ ಹೆಸರಿನ ಮೊದಲಕ್ಷರಕ್ಕೊಂದು ಚೀಟಿ ಎತ್ತಿ ಇವರನ್ನು ಆರಿಸಿದ್ದರು. ಎಣಿಸಲು ಕೂತಿದ್ದ ಇಬ್ಬರು ಹೆಂಗಸರೂ ಹಾಗೇ ಬಂದವರು. ಚೀಟಿಯಿಲ್ಲದೆ ಬಂದವನು ನಸಾರಿಯೊ ಒಬ್ಬನೇ. ಅವನು ಲಾಳದ ಗುರುತಿನ ಏಜೆಂಟ್. ಹೂಜಿ ಗುರುತಿನ ಏಜೆಂಟ್ ಮಧ್ಯಾಹ್ನವೇ ಗುಡ್ಡ ಹತ್ತಿ ಓಡಿಹೋಗಿದ್ದ.

ಓಡಿದ್ದರಲ್ಲಿ ತಪ್ಪೇನಿರಲಿಲ್ಲ. ಮಧ್ಯಾಹ್ನ ಸಂತೆಕಟ್ಟೆಯ ಮತಗಟ್ಟೆಗೆ ಮುಖ ಮುಚ್ಚಿಕೊಂಡವರು ಬಂದಿದ್ದರು. ಅಲ್ಲಿನ ಅಧ್ಯಕ್ಷ, ಅಂಚೆ ಕೆಲಸದಿಂದ ನಿವೃತ್ತನಾದ ಮುದುಕ, ಮತಪೆಟ್ಟಿಗೆಯನ್ನು ತಬ್ಬಿಕೊಂಡು ಕೂತ. ಅವನ ಒಂದು ಮೊಣಕಾಲಿಗೆ ಹೊಡೆದರು. ಬಿಡಲಿಲ್ಲ. ಇನ್ನೊಂದಕ್ಕೂ ಹೊಡೆದರು. ಆಮೇಲೆ ಪೆಟ್ಟಿಗೆ ಕಿತ್ತು ಪೆಟ್ರೋಲು ಸುರಿದು ಬೆಂಕಿ ಹಚ್ಚಿದರು. ಊರಿನ ಪೊಲೀಸರು ಬೆಳಿಗ್ಗೆಯೇ ಜೀಪಿಗೆ ಪೆಟ್ರೋಲು ಹಾಕಿಸಿಕೊಂಡು ಬರುತ್ತೇವೆಂದು ಹೋದವರು ಇನ್ನೂ ಬಂದಿರಲಿಲ್ಲ.

ಕಾರಿಸಾಲ್‌ನಲ್ಲಿ ಮೂರೇ ಮತಗಟ್ಟೆ. ಒಂದು ಸುಟ್ಟುಹೋಯಿತು. ಮೇಲಿನ ಕೇರಿಯದು ದೋನ್ ಅನಾಕ್ಲೆತೊನ ಜಲ್ಲಿ ಕ್ವಾರಿಯ ಕೂಲಿಗಳದು. ಅಲ್ಲಿ ಲಾಳ ಬಿಟ್ಟು ಬೇರೆ ಗುರುತು ಗೆದ್ದದ್ದಿಲ್ಲ, ಅನಾಕ್ಲೆತೊನೇ ಲಾಳದ ಅಭ್ಯರ್ಥಿ. ಉಳಿದದ್ದು ಈ ಶಾಲೆಯ ಪೆಟ್ಟಿಗೆ. ಕೋಣೆಯಲ್ಲಿ ಬೇರೆ ಪೆಟ್ಟಿಗೆಗಳೂ ಇದ್ದವು, ದೊಡ್ಡ ದೊಡ್ಡ ಪದವಿಗಳವು. ಅವುಗಳ ಕಡೆ ಯಾರೂ ತಿರುಗಿ ನೋಡಿರಲಿಲ್ಲ. ಊರಿನ ಕಣ್ಣು ಮೇಯರ್ ಪೆಟ್ಟಿಗೆಯ ಮೇಲೆ.

"ಪಾಪ, ದೋನ್ ಅನಾಕ್ಲೆತೊ," ಎಂದ ಎಲ್ಪಿದಿಯೊ ಪೆಟ್ಟಿಗೆಯ ಮುದ್ರೆ ಒಡೆಯುತ್ತ. "ಎಂಟು ಜನ ಕೌನ್ಸಿಲರು ಸೇರಿ ಮೇಯರ್ ಮಾಡೋ ಹಾಗಿದ್ದಿದ್ರೆ ಎಂಟೇ ಜನರನ್ನ ಕೊಂಡ್ಕೊತಿದ್ದ. ಈಗ ನೋಡಿ, ಇಡೀ ಊರನ್ನೇ ಹೆದರಿಸ್ಬೇಕು. ಎಷ್ಟು ಖರ್ಚು!"

"ನಾಲಿಗೆ ಹಿಡ್ಕೊ, ಹಜಾಮ," ಎಂದ ನಸಾರಿಯೊ, ಫೋನಿನಿಂದ ಕಣ್ಣೆತ್ತದೆ.

ಫಿಲೋಮೆನಾ ಪೆಟ್ಟಿಗೆಯನ್ನು ಮೇಜಿನ ಮೇಲೆ ಕವುಚಿದಳು. ಮಕ್ಕಳ ಡೆಸ್ಕುಗಳನ್ನು ಜೋಡಿಸಿ ಮಾಡಿದ ಮೇಜು ಅದು. ಒಂದೊಂದೇ ಚೀಟಿಯನ್ನು ಬಿಡಿಸಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಗುರುತು ಹೇಳಿ ಗುಡ್ಡೆ ಹಾಕಬೇಕು. "ಲಾಳ." "ಲಾಳ." ಮೇಣದ ಪೆನ್ಸಿಲಿನಿಂದ ಎಳೆದ ದಪ್ಪ ಓರೆಗೀಟುಗಳು, ಒಂದರ ಮೇಲೊಂದು. ನಾಲ್ಕನೆಯ ಚೀಟಿ ಬಿಡಿಸಿದವಳು ಕೈಯನ್ನು ಮೇಲೆತ್ತದೆ ಹಾಗೇ ನಿಂತಳು.

ಹೂಜಿಯ ಚೌಕದಲ್ಲಿ ಓರೆಗೀಟು ಇರಲಿಲ್ಲ. ಹೆಲಿಯೊದೋರೊನ ಹೆಸರಿನ ಮೇಲೆ ಒಂದು ಸಣ್ಣ ನೆಟ್ಟನೆಯ ಶಿಲುಬೆ ಇತ್ತು, ಗೋರಿಯ ಮೇಲಿರುತ್ತದಲ್ಲ ಹಾಗೆ. ಕೆಳಗೆ, ಪಟ್ಟಿಯಲ್ಲಿಲ್ಲದ ಅಭ್ಯರ್ಥಿಗಾಗಿ ಬಿಟ್ಟ ಖಾಲಿ ಚೌಕದಲ್ಲಿ, ನಡುಗುವ ಕೈಯಿಂದ ಬರೆದಿತ್ತು: ಹಸಿಂತಾ.

ಮುಂದಿನದೂ ಹಾಗೇ. ಅದರ ಮುಂದಿನದೂ.

ಹೆಲಿಯೊದೋರೊ ಸತ್ತದ್ದು ಫಿಲೋಮೆನಾಳ ಗಿರಣಿಯ ಬಾಗಿಲಲ್ಲೇ. ಹೋದ ತಿಂಗಳು, ಬೆಳಿಗ್ಗೆ. ಹೂಜಿಯ ಅಭ್ಯರ್ಥಿಯಾದ ಮೇಲೂ ಬೀಸಲು ಮೆಕ್ಕೆಜೋಳದ ಬಕೆಟ್ಟನ್ನು ಅವನೇ ಹೊತ್ತು ತರುತ್ತಿದ್ದ. ಸಾಲಿನಲ್ಲಿದ್ದ ಹೆಂಗಸರಿಗೆ ಕುಡಿಯುವ ನೀರಿನ ಪೈಪಿನ ಮಾತು ಹೇಳುತ್ತಿದ್ದಾಗ ಒಂದು ಮೋಟಾರ್‌ಸೈಕಲ್ ನಿಧಾನವಾಯಿತು. ಗುಂಡು ಅವನ ಎದೆ ಹಾದು ಗೋಡೆಗೆ ಹೊಕ್ಕಿತು. ಅವನು ಸಿಪ್ಪೆ ಬಿಡಲೆಂದು ಸುಣ್ಣದ ನೀರಲ್ಲಿ ನೆನೆಹಾಕಿದ್ದ ಜೋಳದ ತೊಟ್ಟಿಯೊಳಗೆ ಮುಖ ಕೆಳಗಾಗಿ ಬಿದ್ದ. ಅವಳು ಕೂದಲು ಹಿಡಿದು ಎತ್ತಿದಾಗ ರೆಪ್ಪೆಗಳಿಗೆ ಜೋಳದ ಸಿಪ್ಪೆ ಅಂಟಿತ್ತು. ಎರಡು ದಿನ ಬಿಟ್ಟು ರಾಜಧಾನಿಯಿಂದ ತಜ್ಞನೊಬ್ಬ ಬಂದು, ಅಳತೆಪಟ್ಟಿಯ ಒಂದು ತುದಿಯನ್ನು ಅವಳ ಕೈಗೆ ಕೊಟ್ಟು ನೆಲಕ್ಕೆ ಹಿಡಿಯಲು ಹೇಳಿ, ಗೋಡೆಯ ತೂತಿನ ಎತ್ತರ ಅಳೆದುಕೊಂಡು ಹೋದ. ಅಷ್ಟೇ ತನಿಖೆ.

ಆ ಹೊತ್ತಿಗೆ ಮತಚೀಟಿಗಳು ಅಚ್ಚಾಗಿದ್ದವು. ಹೆಂಡತಿ ಹಸಿಂತಾ ಅವನ ಜಾಗಕ್ಕೆ ನಿಂತಳು. ಕಪ್ಪು ಬಟ್ಟೆಯಲ್ಲೇ ಮನೆಮನೆಗೂ ಹೋಗಿ ಹೇಳಿದಳು: "ಹೆಸರು ಅವರದ್ದೇ ಇರತ್ತೆ, ಮತ ನನಗೆ ಬರತ್ತೆ. ಹೂಜಿ ಮೇಲೆ ಗೀಟು ಹಾಕಿ, ಬೇರೇನೂ ಬರೀಬೇಡಿ." ಎಲ್ಲರೂ ತಲೆಯಾಡಿಸಿದ್ದರು. ಆದರೆ ಕಾರಿಸಾಲ್‌ನಲ್ಲಿ ಸತ್ತವರ ಹೆಸರಿನ ಮೇಲೆ ಓರೆಗೀಟು ಎಳೆಯುವುದಿಲ್ಲ. ಚರ್ಚಿನ ಹಲಗೆಯ ಮೇಲಾಗಲಿ, ಅಂಗಡಿಯ ಗೋಡೆಯ ಮೇಲಾಗಲಿ, ಹೆಸರಿಗೊಂದು ಶಿಲುಬೆ ಬರೆದು ಸುಮ್ಮನಾಗುತ್ತಾರೆ. ಗೀಟು ಎಳೆದರೆ ಇನ್ನೊಮ್ಮೆ ಕೊಂದ ಹಾಗೆ. ಪರದೆಯ ಹಿಂದೆ ಒಬ್ಬೊಬ್ಬರೇ ನಿಂತಾಗ ಅವರ ಕೈ ಹಸಿಂತಾಳ ಮಾತು ಕೇಳಿರಲಿಲ್ಲ.

"ಇವ್ರು ಮತ ಹಾಕಿಲ್ಲ ದೋನ್ಯಾ," ಎಂದ ಎಲ್ಪಿದಿಯೊ ಮೆಲ್ಲಗೆ. "ಜಪ ಮಾಡಿ ಹೋಗಿದಾರೆ."

ನಸಾರಿಯೊ ಎದ್ದು ಬಂದ. ಚೀಟಿಯ ಮೇಲೆ ಬಗ್ಗಿ ನೋಡಿ ನಕ್ಕ. "ಎರಡು ಚೌಕದಲ್ಲಿ ಗುರುತು. ಅಸಿಂಧು. ಎಲ್ಲಾ ಅಸಿಂಧು."

"ಎರಡು ಬೇರೆ ಬೇರೆ ಪಕ್ಷಕ್ಕೆ ಗುರುತು ಹಾಕಿದ್ರೆ ಅಸಿಂಧು," ಎಂದಳು ಫಿಲೋಮೆನಾ. "ಹಾಕಿದವರ ಮನಸ್ಸಲ್ಲಿ ಇದ್ದಿದ್ದು ಏನು ಅಂತ ಗೊತ್ತಾಗೋ ಹಾಗಿದ್ರೆ ಎಣಿಸೋಕೆ ಕೂತ ನಾವೇ ತೀರ್ಮಾನ ಮಾಡ್ಬೇಕು. ತರಬೇತೀಲಿ ಹೇಳಿದಾರೆ."

"ತರಬೇತಿ ಕೊಟ್ಟವಳು ಇಲ್ಲಿದಾಳಾ?"

"ಇಲ್ಲ. ನಾನಿದೀನಿ." ಅವಳು ಚೀಟಿಯನ್ನು ಎತ್ತಿ ಹಿಡಿದಳು. "ಹೂಜಿ."

ನಸಾರಿಯೊ ಕಿಟಕಿಗೆ ಹೋಗಿ ಫೋನ್ ಮಾಡಿದ. ಹೆಚ್ಚು ಮಾತಾಡಲಿಲ್ಲ. ಹಿಂತಿರುಗುವಾಗ, ಲೆಕ್ಕದ ಹಾಳೆಯನ್ನು ಹೊರಗೋಡೆಗೆ ಹಚ್ಚಲೆಂದು ಮೇಜಿನ ಮೇಲಿಟ್ಟಿದ್ದ ಅಂಟುಪಟ್ಟಿಯ ಸುರುಳಿಯನ್ನು ಎತ್ತಿ ಜೇಬಿಗೆ ಹಾಕಿಕೊಂಡ.

ಬಿಳಿ ಪಿಕಪ್ ಗಾಡಿ ಶಾಲೆಯ ಗೇಟಿನ ಎದುರು ನಿಂತಾಗ ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಇಬ್ಬರು ಗಾಡಿಯಲ್ಲೇ ಕೂತರು. ಒಬ್ಬ ಬಂದೂಕು ಹಿಡಿದು ಒಳಗೆ ಬಂದ. ಮುಖದ ಬಟ್ಟೆಯನ್ನು ಅವನೇ ಕೆಳಗೆ ಎಳೆದುಕೊಂಡ, ಮುಚ್ಚಿಕೊಂಡರೂ ಪ್ರಯೋಜನವಿರಲಿಲ್ಲ. ಲೆಯಾಂದ್ರೊನನ್ನು ಜ್ಞಾನಸ್ನಾನದ ದಿನ ಎತ್ತಿಕೊಂಡು ನಿಂತವಳೇ ಫಿಲೋಮೆನಾ. ತಾಯಿ ಹೊಲಕ್ಕೆ ಹೋದಾಗ ಅವನು ಬೆಳೆದದ್ದು ಗಿರಣಿಯ ಹಿತ್ತಿಲಲ್ಲಿ. ಕವಣೆಯಿಂದ ಒಂದು ಕಲ್ಲಿಗೆ ಒಂದು ಪಾರಿವಾಳ ಬೀಳಿಸುತ್ತಿದ್ದ, ಎರಡನೇ ಕಲ್ಲು ಹುಡುಕಿದ್ದನ್ನು ಅವಳು ನೋಡಿದ್ದಿಲ್ಲ.

"ಮದ್ರಿನಾ," ಎಂದ. ಜ್ಞಾನತಾಯಿಯನ್ನು ಎಲ್ಲರೂ ಕರೆಯುವುದು ಹಾಗೇ. "ಬರೆದಿರೋ ಚೀಟಿ ಎಲ್ಲಾ ಆ ಕಡೆ ಹಾಕು. ಅಸಿಂಧು ಅಂತ ಬರಿ. ಮನೆಗೆ ಹೋಗು."

"ಊಟ ಆಯ್ತಾ?"

"ಮದ್ರಿನಾ, ಆಟ ಬೇಡ."

"ಬಾಪ್ಪಾ ಲೆಯಾಂದ್ರೊ," ಎಂದ ಎಲ್ಪಿದಿಯೊ. "ಕೂದಲು ಬೆಳೆದಿದೆ. ಇಷ್ಟು ದೊಡ್ಡ ಬಂದೂಕು ಹಿಡ್ಕೊಂಡು ಬಂದಿದೀಯ, ಕತ್ತರೀಗೆ ಮಾತ್ರ ಹೆದರ್ತೀಯ..."

ಬಂದೂಕಿನ ಹಿಡಿ ಅವನ ಬಾಯಿಗೆ ಬಿತ್ತು. ಒಣ ಕಟ್ಟಿಗೆ ಮುರಿದಂಥ ಸದ್ದು. ಎಲ್ಪಿದಿಯೊ ಕುರ್ಚಿಯ ಸಮೇತ ಹಿಂದಕ್ಕೆ ಉರುಳಿದ. ಎದ್ದು ಮಂಡಿಯೂರಿ ಕೂತಾಗ ತುಟಿ ಎರಡಾಗಿ ಸೀಳಿತ್ತು. ಮೇಜಿನ ಅಂಚು ಹಿಡಿದು ಕೆಮ್ಮಿದ. ಬೇರು ಸಮೇತ ಒಂದು ಹಲ್ಲು ಲಾಳದ ಗುಡ್ಡೆಯ ಮೇಲೆ ಬಿತ್ತು. ಹೆಂಗಸರಲ್ಲಿ ಒಬ್ಬಳು ಕಿರುಚಿದಳು. ಲೆಯಾಂದ್ರೊ ಅವಳತ್ತ ನೋಡದೆ ಸೂರಿಗೆ ಒಂದು ಗುಂಡು ಹಾರಿಸಿದ. ಹೆಂಚಿನ ಚೂರುಗಳು ಚೀಟಿಗಳ ಮೇಲೆ ಉದುರಿದವು. ಹೆಂಗಸರಿಬ್ಬರೂ ಡೆಸ್ಕಿನ ಅಡಿ ಸೇರಿದರು.

ಫಿಲೋಮೆನಾ ಎಲ್ಪಿದಿಯೊನ ಬಾಯಿಗೆ ತನ್ನ ಹೆಗಲ ಶಾಲು ಒತ್ತಿ, ಅವನ ಕೈಯನ್ನೇ ಅದರ ಮೇಲಿಟ್ಟಳು. ಆಮೇಲೆ ಚೀಟಿಗಳ ಮೇಲಿನ ಚೂರುಗಳನ್ನು ಊದಿದಳು. ಹಿಟ್ಟಿನ ಮೇಲಿನ ಹೊಟ್ಟನ್ನು ಊದುವ ಹಾಗೆ.

"ಬೆಳಿಗ್ಗೆ ನೀನೂ ಬಂದು ಮತ ಹಾಕಿದ್ದೆ," ಎಂದಳು. "ನಿನ್ನ ಹೆಬ್ಬೆರಳಿಗೆ ಶಾಯಿ ಹಚ್ಚಿದ್ದು ನಾನೇ. ಎಲ್ಲಿ ಹಾಕ್ದೆ ಅಂತ ಕೇಳಲ್ಲ. ಅದು ನಿಂದು. ಈ ಗುಡ್ಡೇಲಿ ಅದೂ ಇದೆ, ಅಷ್ಟೆ." ಮುಂದಿನ ಚೀಟಿ ಎತ್ತಿದಳು. "ಹೂಜಿ."

ಲೆಯಾಂದ್ರೊ ಬಲಗೈಯ ಹೆಬ್ಬೆರಳನ್ನು ಮಡಚಿ ಮುಷ್ಟಿಯೊಳಗೆ ಸೇರಿಸಿಕೊಂಡ. ಅವಳ ಹತ್ತಿರ ಬಂದು, ನಸಾರಿಯೊಗೆ ಕೇಳದ ಹಾಗೆ ತಗ್ಗಿದ ದನಿಯಲ್ಲಿ ಹೇಳಿದ: "ಲೆಕ್ಕದ ಹಾಳೆ ಹೊರಗಡೆ ಗೋಡೆಗೆ ಬಿದ್ರೆ ಹಾಕಿದವರ ತಲೆಗೆ ಹೊಡಿ ಅಂತ ಹೇಳಿದಾರೆ. ನಾನು ಹೊಡೀದಿದ್ರೆ ಗಾಡೀಲಿರೋರು ನನಗೆ ಹೊಡೀತಾರೆ. ಅರ್ಥ ಆಗ್ತಿದೆಯಾ? ನಿನ್ನ ಕಾಲಿಗೆ ಬೀಳ್ತೀನಿ, ಮದ್ರಿನಾ."

ಅವಳು ಚೀಟಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಅವನನ್ನ ತೊಟ್ಟಿಯಿಂದ ಎತ್ತಿದ್ದು ನಾನು," ಎಂದಳು. "ಇವರೆಲ್ಲ ಬಂದು ಅವನಿಗೆ ಶಿಲುಬೆ ಬರೆದು ಹೋಗಿದಾರೆ. ನಾನು ಅಸಿಂಧು ಅಂತ ಹೇಗೆ ಬರೀಲಿ ಮಗಾ? ನಾಳೆ ಬೆಳಿಗ್ಗೆ ಇವರೇ ಜೋಳ ತಗೊಂಡು ಸಾಲಲ್ಲಿ ನಿಂತಿರ್ತಾರೆ."

ಅವಳು ಒಂದೊಂದನ್ನೇ ಎತ್ತುತ್ತ ಹೋದಳು. ಗಾಡಿಯವರು ಒಮ್ಮೆ ಹಾರನ್ ಒತ್ತಿದರು. ನಸಾರಿಯೊ ಬಾಗಿಲಿಗೆ ಒರಗಿ ಹಲ್ಲು ಕಚ್ಚಿಕೊಂಡು ಎಲ್ಲವನ್ನೂ ಕೇಳಿದ. ಕೊನೆಗೆ ಎಲ್ಪಿದಿಯೊ ರಕ್ತ ಸೋರುವ ಬಾಯಿಯನ್ನು ಒಂದು ಕೈಯಿಂದ ಒತ್ತಿ, ಇನ್ನೊಂದರಿಂದ ದೊಡ್ಡ ಹಾಳೆಯ ಮೇಲೆ ಬರೆದ. ಹೂಜಿಯ ಅಂಕಿ ಲಾಳದ ಅಂಕಿಗಿಂತ ಬಹಳ ದೊಡ್ಡದಿತ್ತು. ಮೇಲಿನ ಕೇರಿಯ ಅಷ್ಟೂ ಮತ ಸೇರಿಸಿದರೂ ಮುಟ್ಟದಷ್ಟು. ಹೆಂಗಸರು ಡೆಸ್ಕಿನ ಅಡಿಯಿಂದಲೇ ಕೈ ಚಾಚಿ ಸಹಿ ಮಾಡಿದರು.

ಅಂಟುಪಟ್ಟಿ ಇರಲಿಲ್ಲ. ಫಿಲೋಮೆನಾ ಗಿರಣಿಯಿಂದ ತಂದಿದ್ದ ಬುಟ್ಟಿಯಲ್ಲಿ ಉಳಿದಿದ್ದ ಹಸಿ ಹಿಟ್ಟಿನ ಮುದ್ದೆಯನ್ನು ತೆಗೆದು, ನೀರು ಚಿಮುಕಿಸಿ ನಾದಿಕೊಂಡಳು. ಹಾಳೆಯನ್ನು ಎದೆಗೆ ಹಿಡಿದು ಹೊರಗೆ ನಡೆದಳು. ಲೆಯಾಂದ್ರೊ ಹಿಂದೆಯೇ ಬಂದ. ಗಾಡಿಯಲ್ಲಿದ್ದವರು ಸಿಗರೇಟು ಎಸೆದು ನೇರವಾಗಿ ಕೂತರು.

ಗೇಟಿನ ಪಕ್ಕದ ಗೋಡೆಗೆ ಹಿಟ್ಟು ಬಳಿದಳು. ಹಾಳೆಯ ಕೆಳಗಿನ ಅಂಚು ಒತ್ತಿದಳು. ಮೇಲಿನ ಅಂಚಿಗೆ ತುದಿಗಾಲಲ್ಲಿ ನಿಂತು ಎರಡೂ ಕೈ ಚಾಚಬೇಕಾಯಿತು. ಬಿಸಿಲಿಗೆ ಕಾದ ಸುಣ್ಣದ ಗೋಡೆ ಅಂಗೈಗೆ ಬೆಚ್ಚಗಿತ್ತು. ಕೈ ಇಳಿಸಿ, ಹಿಮ್ಮಡಿ ನೆಲಕ್ಕೆ ಊರಿ, ಗೋಡೆಗೆ ಮುಖ ಮಾಡಿಯೇ ನಿಂತಳು. ಹಿಂದೆ ಬಂದೂಕಿನ ಕೊಕ್ಕೆ ಸರಿಯುವ ಸದ್ದು ಕೇಳಿತು.

ಗುಂಡು ಸಿಡಿಯಿತು. ಬಿದ್ದಳು. ಬಾಯಿ ತುಂಬ ಸುಣ್ಣದ ಪುಡಿ, ಕಿವಿಯಲ್ಲಿ ಗಿರಣಿ ತಿರುಗುವಂಥ ಶಬ್ದ. ಸತ್ತೆನೆಂದೇ ಅಂದುಕೊಂಡು ಅಲುಗಾಡದೆ ಬಿದ್ದಿದ್ದಳು. ಗಾಡಿಯ ಬಾಗಿಲು ಬಡಿಯಿತು. "ಮುಗೀತಾ?" ಎಂದು ಯಾರೋ ಕೇಳಿದರು. "ಮುಗೀತು," ಎಂದಿತು ಲೆಯಾಂದ್ರೊನ ದನಿ. ಗಾಡಿ ಹೊರಟುಹೋಯಿತು.

ಅವನ ಹೆಣ ಮರುದಿನ ಬೆಳಿಗ್ಗೆ ಹಳ್ಳದ ಸೇತುವೆಯ ಕೆಳಗೆ ಸಿಕ್ಕಿತು. ಕೈ ಹಿಂದಕ್ಕೆ ಕಟ್ಟಿದ್ದರು. ಹೆಬ್ಬೆರಳ ಶಾಯಿ ಹಾಗೇ ಇತ್ತು.

ಸತ್ತವನ ಅಡಿಯಲ್ಲಿ, ನೆಲದ ಮೇಲೆ, ಸುಣ್ಣದ ಶಿಲುಬೆ ಬರೆಯುವುದು ಜ್ಞಾನತಾಯಿಯ ಕೆಲಸ. ಫಿಲೋಮೆನಾ ಗಿರಣಿಯಿಂದ ಒಂದು ಬಟ್ಟಲು ಸುಣ್ಣ ತುಂಬಿಕೊಂಡು ಅವನ ತಾಯಿಯ ಮನೆಗೆ ಹೊರಟಿದ್ದಳು. ಶಾಲೆಯ ಗೇಟಿನ ಹತ್ತಿರ ರಾಜಧಾನಿಯ ತಜ್ಞ ನಿಂತಿದ್ದ. ಹಾಳೆ ಗೋಡೆಯ ಮೇಲೇ ಇತ್ತು. ಒಣಗಿದ ಹಿಟ್ಟು ಅಂಚಿನಲ್ಲಿ ಬಿರುಕು ಬಿಟ್ಟಿತ್ತು, ನಾಲ್ಕೈದು ಜನ ದೂರದಿಂದಲೇ ಓದುತ್ತಿದ್ದರು.

"ಓ, ಗಿರಣಿಯವರು," ಎಂದ ಅವನು. "ಮತ್ತೆ ನೀವೇ. ಸ್ವಲ್ಪ ಹಿಡ್ಕೊತೀರಾ?"

ಅವಳು ಬಟ್ಟಲನ್ನು ಕೆಳಗಿಟ್ಟು, ಬಗ್ಗಿ ಅಳತೆಪಟ್ಟಿಯ ತುದಿಯನ್ನು ನೆಲಕ್ಕೆ ಒತ್ತಿ ಹಿಡಿದಳು.

"ಎಷ್ಟು ದೂರದಿಂದ ಹೊಡೆದ?"

"ನೀವು ನಿಂತಿದೀರಲ್ಲ, ಅಲ್ಲಿಂದ."

ಅವನು ತನ್ನ ಕಾಲಿನ ಕೆಳಗೆ ನೋಡಿಕೊಂಡ. ಆಮೇಲೆ ಪಟ್ಟಿಯನ್ನು ಗೋಡೆಯುದ್ದಕ್ಕೂ ಮೇಲಕ್ಕೆ ಎಳೆದ. ಅದು ಬಗ್ಗಿದ್ದ ಅವಳ ಬೆನ್ನು ದಾಟಿ, ಹಾಳೆಯ ಕೆಳಗಿನ ಅಂಚು ದಾಟಿ, ಅಂಕಿಗಳನ್ನು ದಾಟಿ ಗುಂಡಿನ ತೂತಿನ ಬಳಿ ನಿಂತಿತು. ಅವಳು ನೆಲದ ತುದಿಯನ್ನು ಹೆಬ್ಬೆರಳಿನಿಂದ ಒತ್ತಿಕೊಂಡೇ ತಲೆಯೆತ್ತಿ ನೋಡಿದಳು. ತಜ್ಞ ಕನ್ನಡಕ ಸರಿಪಡಿಸಿಕೊಂಡು ಗಟ್ಟಿಯಾಗಿ ಓದಿದ:

"ಒಂದು ಮೀಟರ್ ಎಪ್ಪತ್ತನಾಲ್ಕು ಸೆಂಟಿಮೀಟರ್."